ಬೂದಿ ಹೊಂಡ ಮುಚ್ಚುವ ಮೊದಲು ಅದರ ತಳ ನೋಡಿ

ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದಲ್ಲಿ ಈಡನ್ ಅನ್ನುವ ಊರಿದೆ. ಅಲ್ಲಿ ಡ್ಯಾನ್ ನದಿಯ ದಂಡೆಯ ಮೇಲಿದ್ದ ಕಲ್ಲಿದ್ದಲು ವಿದ್ಯುತ್ ಸ್ಥಾವರ 2012ರಲ್ಲೇ ನಿಂತುಹೋಗಿತ್ತು. ಕುಲುಮೆ ಆರಿತ್ತು, ಹೊಸ ಬೂದಿ ಬರುತ್ತಿರಲಿಲ್ಲ. 2014ರ ಫೆಬ್ರುವರಿ 2ರಂದು ಕಾವಲುಗಾರರೊಬ್ಬರು, ಸ್ಥಾವರದ ಬೂದಿಯನ್ನು ನೀರಿನಲ್ಲಿ ಕಲಸಿ ತುಂಬಿಟ್ಟಿದ್ದ ಬೂದಿ ಹೊಂಡದ ನೀರು ಇದ್ದಕ್ಕಿದ್ದಂತೆ ಇಳಿದಿರುವುದನ್ನು ಕಂಡರು. ಹೊಂಡದ ತಳದ ಕೆಳಗೆ ಮಳೆನೀರು ಸಾಗಿಸುವ ನಾಲ್ಕು ಅಡಿ ಅಗಲದ ಹಳೆಯ ಕೊಳವೆ ಹಾದುಹೋಗಿತ್ತು. ಅದರ ಸುಕ್ಕುತಗಡಿನ ಭಾಗ ಕುಸಿದಿತ್ತು. ಸುಮಾರು 39,000 ಟನ್ ಬೂದಿ ನದಿಗೆ ಹೋಯಿತು. ನದಿಯ ಉದ್ದಕ್ಕೂ ಸುಮಾರು 70 ಮೈಲಿವರೆಗೆ ಅದು ಹರಡಿಕೊಂಡಿತು. ವಾಪಸ್ ಎತ್ತಲು ಆಗಿದ್ದು ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ.

ಕೊಳವೆಗಳ ಒಳಗೆ ಕ್ಯಾಮೆರಾ ಬಿಟ್ಟು ನೋಡೋಣ ಅಂತ ಸ್ಥಾವರದ ಸಿಬ್ಬಂದಿಯೇ ಮೊದಲು ಕೇಳಿದ್ದರು. ಸುಮಾರು 20,000 ಡಾಲರ್ ಖರ್ಚಿನ ಕೆಲಸ. ಮೇಲಿನವರು ಒಪ್ಪಲಿಲ್ಲ. 2015ರಲ್ಲಿ ಸ್ಥಾವರದ ಒಡೆತನದ ಕಂಪನಿ ಡ್ಯೂಕ್ ಎನರ್ಜಿಯ ಅಂಗಸಂಸ್ಥೆಗಳು ಈ ಪ್ರಕರಣ ಮತ್ತು ಬೇರೆ ಹೊಂಡಗಳ ಸೋರಿಕೆ ಸೇರಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡವು. ಆಗ ತೆತ್ತಿದ್ದು 10 ಕೋಟಿ 20 ಲಕ್ಷ ಡಾಲರ್.

ಸ್ಥಾವರ ಮುಚ್ಚಿದರೆ ಬೂದಿಯ ಕಾಟವೂ ಮುಗಿಯಿತು ಅಂತ ನಂಬುವವರು ಬಹಳ ಜನ. ಮೇಲೆ ಎರಡಡಿ ಮಣ್ಣು ಹಾಕಿ, ಹುಲ್ಲು ಬಿತ್ತಿ, ಗಿಡ ನೆಟ್ಟರೆ ಜಾಗ ಚೊಕ್ಕಟವಾಯಿತು ಅನ್ನುತ್ತಾರೆ. ನಮ್ಮ ಕಾನೂನಿನಲ್ಲೂ ಈ ನಂಬಿಕೆ ಸ್ವಲ್ಪ ಇಣುಕುತ್ತದೆ. ಕೇಂದ್ರ ಸರ್ಕಾರ 2021ರ ಡಿಸೆಂಬರ್ 31ರಂದು ಹಾರುಬೂದಿಯ, ಅಂದರೆ ಕಲ್ಲಿದ್ದಲು ಉರಿದಾಗ ಹೊಗೆಯ ಜೊತೆ ಹಾರುವ ಬೂದಿಯ, ಬಗ್ಗೆ ಅಧಿಸೂಚನೆ ಹೊರಡಿಸಿತು. ಹೊಂಡಗಳಲ್ಲಿ ಕೂಡಿಬಿದ್ದಿರುವ ಹಳೆಯ ಬೂದಿಯನ್ನು ಹತ್ತು ವರ್ಷದೊಳಗೆ ಬಳಸಿ ಮುಗಿಸಬೇಕು ಅಂತ ಅದರಲ್ಲಿದೆ. ಒಳ್ಳೆಯ ಮಾತು. ಆದರೆ ಹೊಂಡ ಗಟ್ಟಿಯಾಗಿ ನಿಂತಿದ್ದು, ಮೇಲೆ ಹಸಿರು ಬೆಳೆಸಿದ್ದು, ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಹಾಗಂತ ಪ್ರಮಾಣಪತ್ರ ಕೊಟ್ಟರೆ ಆ ಬೂದಿಯನ್ನು ತೆಗೆಯಬೇಕಾಗಿಲ್ಲ. ಈ ವಿನಾಯಿತಿ ನನಗೆ ಚಿಂತೆ ತರುತ್ತದೆ. ದೆಹಲಿಯ ಬದರ್‌ಪುರ ಸ್ಥಾವರ 2018ರ ಅಕ್ಟೋಬರ್‌ನಲ್ಲಿ ನಿಂತಿತು. ಅದರ ಬೂದಿ ಹೊಂಡದ ಜಾಗವನ್ನು ಉದ್ಯಾನ ಮಾಡುವ ಯೋಜನೆ ಹಾಕಿಕೊಂಡರು. ಉದ್ಯಾನ ಬೇಡ ಅಂತ ನಾನು ಹೇಳುವುದಿಲ್ಲ. ಹಸಿರಿದ್ದರೆ ಧೂಳು ಏಳುವುದು ಖಂಡಿತ ಕಡಿಮೆಯಾಗುತ್ತದೆ. ಆದರೆ ಗಿಡ ಚೆನ್ನಾಗಿ ಬೆಳೆದರೆ ಮೇಲಿನ ಕೆಲವು ಅಡಿ ಸರಿಯಿದೆ ಅಂತ ಮಾತ್ರ ಗೊತ್ತಾಗುತ್ತದೆ. ಐವತ್ತು ಅಡಿ ಕೆಳಗೆ ಅಂತರ್ಜಲದಲ್ಲಿ ಏನು ನಡೆಯುತ್ತಿದೆ ಅನ್ನುವುದು ಬೇರೆಯೇ ಪ್ರಶ್ನೆ, ಅಲ್ವಾ?

ಬೂದಿ ಅಂದರೆ ನಮಗೆ ಒಲೆಯ ಬೂದಿ ನೆನಪಾಗುತ್ತದೆ. ಪಾತ್ರೆ ತಿಕ್ಕಿದ್ದೇವೆ, ಬದನೆ ಗಿಡಕ್ಕೆ ಎರಚಿದ್ದೇವೆ. ಸೌದೆಯ ಬೂದಿಯಲ್ಲಿ ಮುಖ್ಯವಾಗಿ ಇರುವುದು ಮರ ನೆಲದಿಂದ ಹೀರಿದ ಸುಣ್ಣ, ಪೊಟ್ಯಾಷ್ ಇತ್ಯಾದಿ. ಕಲ್ಲಿದ್ದಲಿನ ಬೂದಿಯ ಹುಟ್ಟೇ ಬೇರೆ. ಕೋಟಿಗಟ್ಟಲೆ ವರ್ಷಗಳ ಹಿಂದೆ ಜೌಗಿನಲ್ಲಿ ಕೊಳೆತ ಸಸ್ಯದ ಜೊತೆ ಜೇಡಿಯೂ ಮರಳೂ ಬೆರೆತವು. ಕಲ್ಲಿದ್ದಲು ಉರಿದಾಗ ಸುಡದೆ ಉಳಿಯುವುದು ಆ ಜೇಡಿ, ಮರಳು. ಭಾರತದ ಕಲ್ಲಿದ್ದಲಿನಲ್ಲಿ ಇದು ಜಾಸ್ತಿ. ಸಾಮಾನ್ಯವಾಗಿ ತೂಕದ ಮೂರನೇ ಒಂದು ಭಾಗಕ್ಕೂ ಮೇಲೆ ಬೂದಿಯೇ. ಕುಲುಮೆಯ ಬಿಸಿಗೆ ಜೇಡಿ ಕರಗಿ ಸಣ್ಣ ಸಣ್ಣ ಗಾಜಿನ ಗುಂಡುಗಳಾಗುತ್ತವೆ.

ನನಗೆ ತುಂಬಾ ಹಿಡಿಸಿದ ವಿಷಯ ಮುಂದಿನದು. ಕಲ್ಲಿದ್ದಲಿನಲ್ಲಿ ಆರ್ಸೆನಿಕ್, ಸೆಲೆನಿಯಂ, ಬೋರಾನ್ ಕೂಡ ಬಹಳ ಸಣ್ಣ ಪ್ರಮಾಣದಲ್ಲಿ ಇರುತ್ತವೆ. ಕುಲುಮೆಯಲ್ಲಿ ಇವು ಹೆಚ್ಚುಪಾಲು ಆವಿಯಾಗುತ್ತವೆ. ಹೊಗೆ ಚಿಮಣಿಯ ಕಡೆ ಸಾಗುತ್ತಾ ತಣ್ಣಗಾದಾಗ ಆ ಆವಿ ಮತ್ತೆ ಗಟ್ಟಿಯಾಗಬೇಕು. ಗಟ್ಟಿಯಾಗಲು ಅದಕ್ಕೆ ಒಂದು ಮೈ ಬೇಕು. ಅಲ್ಲಿ ಹಾರಾಡುತ್ತಿರುವ ಬೂದಿ ಕಣಗಳ ಹೊರಮೈಗೇ ಅದು ಅಂಟಿಕೊಳ್ಳುತ್ತದೆ. ಕಣ ಸಣ್ಣದಾದಷ್ಟೂ ತೂಕಕ್ಕೆ ಹೋಲಿಸಿದರೆ ಮೈ ದೊಡ್ಡದು, ಹಾಗಾಗಿ ವಿಷವೂ ಜಾಸ್ತಿ. ಗಾಜಿನ ಒಳಗೆ ಸಿಕ್ಕಿಬಿದ್ದಿದ್ದರೆ ಸಾವಿರಾರು ವರ್ಷ ಅಲ್ಲೇ ಇರುತ್ತಿತ್ತೇನೋ. ಹೊರಮೈ ಮೇಲಿರುವುದರಿಂದ ನೀರು ತಾಗಿದ ಕೂಡಲೇ ಒಂದಷ್ಟು ತೊಳೆದುಹೋಗುತ್ತದೆ.

ಮೊದಲೆಲ್ಲ ಈ ಕಣಗಳು ಚಿಮಣಿಯಿಂದ ಗಾಳಿಗೆ ಹೋಗುತ್ತಿದ್ದವು. ಕ್ಯಾಲಿಫೋರ್ನಿಯಾದ ಫ್ರೆಡರಿಕ್ ಕಾಟ್ರೆಲ್ 20ನೇ ಶತಮಾನದ ಮೊದಲ ದಶಕದಲ್ಲಿ ವಿದ್ಯುತ್ ಬಲದಿಂದ ಹೊಗೆಯ ಕಣ ಹಿಡಿಯುವ ಯಂತ್ರವನ್ನು ಬಳಕೆಗೆ ತಂದರು. ಮೊದಲು ಅದರ ಕೆಲಸ ಗಂಧಕಾಮ್ಲದ ಮಂಜನ್ನು ಹಿಡಿಯುವುದು. 1920ರ ದಶಕದಲ್ಲಿ ಅದು ಕಲ್ಲಿದ್ದಲು ಸ್ಥಾವರಕ್ಕೂ ಬಂತು. ಗಾಳಿ ಶುದ್ಧವಾಯಿತು. ಹಿಡಿದ ಬೂದಿಯನ್ನು ಎಲ್ಲಿ ಹಾಕುವುದು ಅನ್ನುವ ಪ್ರಶ್ನೆ ಬಂದಾಗ, ನೀರಿನಲ್ಲಿ ಕಲಸಿ ಪೈಪಿನಲ್ಲಿ ಹರಿಸಿ ಹಳ್ಳಕ್ಕೆ ಬಿಡುವುದು ಸುಲಭ ಅನ್ನಿಸಿತು. ಹಳ್ಳಕ್ಕೆ ಅಡ್ಡಲಾಗಿ ಏರಿ ಕಟ್ಟಿದರೆ ಹೊಂಡ ತಯಾರು. ತೊಳೆದರೆ ವಿಷ ಬಿಡುವ ಪದಾರ್ಥವನ್ನು ನೀರಿನಲ್ಲೇ ನೆನೆಹಾಕಿ ಇಟ್ಟೆವು, ಅದೂ ನೀರು ಸಹಜವಾಗಿ ಹರಿದು ಬರುವ ಜಾಗದಲ್ಲಿ.

ಆದ್ದರಿಂದ ಹೊಂಡ ಮುಚ್ಚುವಾಗ ಮೊದಲು ಕೇಳಬೇಕಾದ್ದು ಒಂದೇ: ಬೂದಿಯ ತಳ ಅಂತರ್ಜಲದ ಮಟ್ಟಕ್ಕಿಂತ ಮೇಲಿದೆಯೋ, ಕೆಳಗಿದೆಯೋ? ಹೊಂಡ ಕಟ್ಟುವ ಮೊದಲಿನ ಸರ್ವೆ ನಕ್ಷೆ ತೆಗೆದು ಹಳ್ಳ ಎಲ್ಲಿತ್ತು ಅಂತ ನೋಡಬೇಕು. ಬೂದಿಯ ಮೂಲಕ ಮೂಲ ನೆಲದವರೆಗೆ ಬೋರ್ ಕೊರೆಯಬೇಕು. ಬೇಸಿಗೆಯಲ್ಲೂ ಮಳೆಗಾಲದಲ್ಲೂ ನೀರಿನ ಮಟ್ಟ ಅಳೆಯಬೇಕು. ಬೂದಿ ನೀರಿಗಿಂತ ಮೇಲಿದ್ದರೆ ಒಳ್ಳೆಯ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮಣ್ಣಿನ ಹೊದಿಕೆ ನಿಜಕ್ಕೂ ಕೆಲಸ ಮಾಡುತ್ತದೆ. ಮಳೆ ಒಳಗಿಳಿಯದಿದ್ದರೆ ತೊಳೆಯಲು ನೀರೇ ಇರುವುದಿಲ್ಲ. ಬೂದಿ ಅಂತರ್ಜಲದಲ್ಲೇ ಕೂತಿದ್ದರೆ ಮಾತ್ರ ಎಷ್ಟು ದಪ್ಪ ಹೊದಿಕೆ ಹಾಕಿದರೂ ಸಾಲದು. ಒದ್ದೆ ನೆಲದ ಮೇಲೆ ಅಕ್ಕಿ ಮೂಟೆ ಇಟ್ಟು ಮೇಲಿಂದ ಟಾರ್ಪಾಲ್ ಹೊದಿಸಿದ ಹಾಗೆ. ಮಳೆ ಬೀಳದಿದ್ದರೂ ಅಡಿಯಿಂದ ಮುಗ್ಗುತ್ತದೆ.

ಕೆಲವು ಸಲ ಹೊದಿಕೆಯೇ ಹೊಸ ತೊಂದರೆ ತರಬಹುದು. ಆರ್ಸೆನಿಕ್ ಸಾಮಾನ್ಯವಾಗಿ ಕಬ್ಬಿಣದ ತುಕ್ಕಿಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಆಮ್ಲಜನಕ ಇರುವವರೆಗೆ ಆ ತುಕ್ಕು ಕರಗುವುದಿಲ್ಲ. ಒದ್ದೆ ಬೂದಿಗೆ ಗಾಳಿ ಹೋಗದ ಹಾಗೆ ಮುಚ್ಚಿದರೆ, ಕೆಳಗಿನ ಮಣ್ಣಿನ ಸೂಕ್ಷ್ಮಜೀವಿಗಳು ಉಳಿದ ಆಮ್ಲಜನಕವನ್ನು ಬಳಸಿ ಮುಗಿಸುತ್ತವೆ. ಆಮೇಲೆ ಅವು ಉಸಿರಾಟಕ್ಕೆ ಆ ತುಕ್ಕನ್ನೇ ಬಳಸುತ್ತವೆ. ತುಕ್ಕು ಕರಗುತ್ತದೆ, ಅದಕ್ಕೆ ಅಂಟಿದ್ದ ಆರ್ಸೆನಿಕ್ ನೀರಿಗೆ ಬರುತ್ತದೆ. ಬಂಗಾಳದ ಕೊಳವೆಬಾವಿಗಳಲ್ಲಿ ಆರ್ಸೆನಿಕ್ ಬಂದದ್ದೂ ಬಹುಮಟ್ಟಿಗೆ ಇದೇ ಕ್ರಿಯೆಯಿಂದ, ಅಲ್ಲಿ ಬೂದಿಯ ಸುಳಿವೇ ಇಲ್ಲದಿದ್ದರೂ. 2008ರ ಡಿಸೆಂಬರ್ 22ರಂದು ಅಮೆರಿಕದ ಟೆನೆಸ್ಸಿಯ ಕಿಂಗ್‌ಸ್ಟನ್‌ನಲ್ಲಿ ಬೂದಿ ಹೊಂಡದ ಏರಿ ಒಡೆದು ಸುಮಾರು 41 ಲಕ್ಷ ಘನ ಮೀಟರ್ ಬೂದಿ ನುಗ್ಗಿತು. ಆಮೇಲೆ ಡ್ಯೂಕ್ ವಿಶ್ವವಿದ್ಯಾಲಯದ ಅವ್ನರ್ ವೆಂಗೋಶ್ ಅವರ ತಂಡ ಅಲ್ಲಿನ ನೀರು ಪರೀಕ್ಷಿಸಿತು. ಹರಿಯುವ ನದಿ ನೀರಿನಲ್ಲಿ ಆರ್ಸೆನಿಕ್ ಕಡಿಮೆಯೇ ಇತ್ತು. ತಳದ ಕೆಸರಿನೊಳಗೆ ಸಿಕ್ಕಿಕೊಂಡ ನೀರಿನಲ್ಲಿ ವಿಪರೀತ ಇತ್ತು. ಮೇಲಿನಿಂದ ಒಂದು ಬಾಟಲಿ ನೀರು ತುಂಬಿಕೊಂಡು ಹೋಗಿ ಪರೀಕ್ಷಿಸಿದ್ದರೆ ಎಲ್ಲ ಸರಿಯಿದೆ ಅಂತ ವರದಿ ಬರುತ್ತಿತ್ತು.

ಪ್ರಯೋಗಾಲಯದಲ್ಲೂ ಹೀಗೇ ಮೋಸ ಹೋಗಬಹುದು. ಬಹಳ ಕಾಲ ಬಳಸಿದ ಒಂದು ಪರೀಕ್ಷೆಯಲ್ಲಿ ಬೂದಿಯನ್ನು ತೆಳು ಅಸಿಟಿಕ್ ಆಮ್ಲದಲ್ಲಿ, ಅಂದರೆ ವಿನೆಗರಿನಲ್ಲಿರುವ ಹುಳಿಯಲ್ಲಿ, 18 ಗಂಟೆ ತಿರುಗಿಸುತ್ತಾರೆ. ಆ ಪರೀಕ್ಷೆ ರೂಪಿಸಿದ್ದು ಊರಿನ ಕಸದ ಜೊತೆ ಎಸೆದ ತ್ಯಾಜ್ಯಕ್ಕಾಗಿ. ಕಸ ಕೊಳೆತರೆ ಹುಳಿ ಹುಟ್ಟುತ್ತದೆ, ಅದಕ್ಕೆ ಆ ದ್ರಾವಣ. ಬೂದಿ ಹೊಂಡದಲ್ಲಿ ಕೊಳೆಯುವಂಥದ್ದು ಏನಿದೆ? ಬಹಳಷ್ಟು ಹೊಂಡಗಳ ನೀರು ಕ್ಷಾರದ ಕಡೆಗಿರುತ್ತದೆ. ಸೀಸ, ಕ್ಯಾಡ್ಮಿಯಂ ಹುಳಿಯಲ್ಲಿ ಹೆಚ್ಚು ಕರಗುತ್ತವೆ. ಆದರೆ ಆರ್ಸೆನಿಕ್, ಸೆಲೆನಿಯಂ ಕ್ಷಾರದ ನೀರಿಗೂ ಸುಲಭವಾಗಿ ಬಿಟ್ಟುಕೊಳ್ಳುತ್ತವೆ. ಹುಳಿಯಲ್ಲಿ ಪಾಸಾದ ಬೂದಿ ತನ್ನ ಹೊಂಡದಲ್ಲಿ ಫೇಲಾಗಬಹುದು. ಈಗ ಹುಳಿಯಿಂದ ಕ್ಷಾರದವರೆಗೆ ಬೇರೆ ಬೇರೆ ಪಿಎಚ್‌ನಲ್ಲಿ ಬೂದಿಯನ್ನು ತೊಳೆದು ನೋಡುವ ಪರೀಕ್ಷೆಗಳಿವೆ. ಹೊಂಡ ಮುಚ್ಚುವ ವರದಿಯಲ್ಲಿ ಇಂಥ ಪರೀಕ್ಷೆ ಇಲ್ಲದಿದ್ದರೆ ಅದನ್ನು ಪೂರ್ತಿ ವರದಿ ಅಂತ ನಾನು ಒಪ್ಪುವುದಿಲ್ಲ.

ಬೂದಿ ನೀರು ಬಿಡುವುದನ್ನು ನಿಲ್ಲಿಸಿದ ಮೇಲೆ ಏನಾಗುತ್ತದೆ ಅನ್ನುವುದಕ್ಕೆ ನಾರ್ತ್ ಕ್ಯಾರೊಲಿನಾದ ಬೆಲ್ಯೂಸ್ ಸರೋವರ ಒಳ್ಳೆಯ ಉದಾಹರಣೆ. 1970ರ ದಶಕದ ನಡುವಿನಿಂದ ಸುಮಾರು ಹತ್ತು ವರ್ಷ ಸ್ಥಾವರದ ಬೂದಿ ಹೊಂಡದ ನೀರು ಆ ಸರೋವರಕ್ಕೆ ಸೇರುತ್ತಿತ್ತು. ಅದರಲ್ಲಿದ್ದ ಸೆಲೆನಿಯಂ ಪಾಚಿಗೆ, ಪಾಚಿಯಿಂದ ಹುಳುಗಳಿಗೆ, ಹುಳುಗಳಿಂದ ಮೀನಿಗೆ ಸಾಗುತ್ತಾ ಹೆಚ್ಚುತ್ತಾ ಹೋಯಿತು. ಅಲ್ಲಿದ್ದ 20 ಜಾತಿ ಮೀನುಗಳಲ್ಲಿ 19 ಕಣ್ಮರೆಯಾದವು. ದೊಡ್ಡ ಮೀನು ಸತ್ತು ತೇಲಿದ್ದು ಕಡಿಮೆ. ಮೊಟ್ಟೆಯ ಮೂಲಕ ಸೆಲೆನಿಯಂ ಮರಿಗಳಿಗೆ ಸೇರಿ, ಮರಿಗಳೇ ಉಳಿಯಲಿಲ್ಲ. ನೀರು ಬಿಡುವುದನ್ನು 1985ರ ಹೊತ್ತಿಗೆ ನಿಲ್ಲಿಸಿದರು. ಹತ್ತು ವರ್ಷ ಕಳೆದ ಮೇಲೆ ನೋಡಿದಾಗಲೂ ತಳದ ಕೆಸರಿನಿಂದ ಸೆಲೆನಿಯಂ ಆಹಾರ ಸರಪಳಿಗೆ ಬರುತ್ತಲೇ ಇತ್ತು. ಮುಚ್ಚಿದ ಮೇಲೆ ಒಂದೆರಡು ವರ್ಷ ಅಳೆದು ಸುಮ್ನೆ ಬಿಟ್ಟರೆ ಸಾಲದು ಅನ್ನುವುದು ಇದಕ್ಕೇ.

ಹಾಗಂತ ಎಲ್ಲದಕ್ಕೂ ಬೂದಿಯನ್ನೇ ದೂರುವುದೂ ತಪ್ಪು. ಅದೇ ರಾಜ್ಯದಲ್ಲಿ ಬೂದಿ ಹೊಂಡಗಳ ಹತ್ತಿರದ ಬಾವಿಗಳಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ, ಅಂದರೆ ಕ್ರೋಮಿಯಂ ಲೋಹದ ವಿಷಕಾರಿ ರೂಪ, ಸಿಕ್ಕಿತು. ಜನ ಹೆದರಿ ಬಾಟಲಿ ನೀರು ಕುಡಿಯತೊಡಗಿದರು. ವೆಂಗೋಶ್ ತಂಡ ಹೊಂಡಗಳಿಂದ ದೂರದ ಬಾವಿಗಳನ್ನೂ ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿತು. ದೂರದ ಬಾವಿಗಳಲ್ಲೂ ಕ್ರೋಮಿಯಂ ಇತ್ತು, ಅದು ಅಲ್ಲಿನ ಬಂಡೆಗಳಿಂದಲೇ ಬರುತ್ತಿತ್ತು. ಇದನ್ನು ಬಿಡಿಸಿ ಹೇಳಲು ಅವರಿಗೆ ಬೋರಾನ್ ನೆರವಾಯಿತು. ಬೋರಾನ್ ಬೂದಿಯಿಂದ ಬೇಗ ತೊಳೆದು ಬರುತ್ತದೆ, ಮಣ್ಣಿಗೆ ಹೆಚ್ಚು ಅಂಟದೆ ನೀರಿನ ಜೊತೆ ಮುಂದೆ ಸಾಗುತ್ತದೆ. ಬೂದಿಯ ಬೋರಾನಿನಲ್ಲಿ ಅದರ ಎರಡು ಐಸೋಟೋಪುಗಳ, ಅಂದರೆ ತೂಕದಲ್ಲಿ ಬೇರೆಯಾದ ಎರಡು ಬಗೆಯ ಪರಮಾಣುಗಳ, ಅನುಪಾತವೂ ಬೇರೆಯಾಗಿರುತ್ತದೆ. ಬಾವಿ ನೀರಿನಲ್ಲಿ ಆ ಗುರುತು ಕಂಡರೆ ಬೂದಿ ನೀರು ಬಂದಿದೆ ಅಂತ ಅರ್ಥ. ಹಾಗೆಯೇ, ಬೂದಿ ಅಣುತ್ಯಾಜ್ಯಕ್ಕಿಂತ ವಿಕಿರಣಕಾರಿ ಅನ್ನುವ ಮಾತು ಆಗಾಗ ಕೇಳಿಬರುತ್ತದೆ. ಸಾಮಾನ್ಯ ಹಾರುಬೂದಿಯ ವಿಕಿರಣ ಹೆಚ್ಚುಕಡಿಮೆ ಗ್ರಾನೈಟಿನಂಥ ಕಲ್ಲುಗಳ ಮಟ್ಟದಲ್ಲೇ ಇರುತ್ತದೆ. ಆ ಹೆದರಿಕೆಯಲ್ಲಿ ನಿಜವಾದ ಅಪಾಯವಾದ ಆರ್ಸೆನಿಕ್ ಮರೆತುಹೋಗುತ್ತದೆ.

ಹಾಗಾದರೆ ಎಲ್ಲ ಬೂದಿಯನ್ನೂ ಅಗೆದು ಬೇರೆ ಕಡೆ ಸಾಗಿಸಿಬಿಡೋಣವೇ? ನಾರ್ತ್ ಕ್ಯಾರೊಲಿನಾ ಬಹುಪಾಲು ಆ ದಾರಿ ಹಿಡಿಯಿತು. ಆರು ಕಡೆಗಳಿಂದ ಸುಮಾರು 8 ಕೋಟಿ ಟನ್ ಬೂದಿ ತೆಗೆಯುವ ಒಪ್ಪಂದವನ್ನು 2020ರ ಹೊಸವರ್ಷದ ಹೊತ್ತಿಗೆ ಪ್ರಕಟಿಸಿದರು. ಬೂದಿ ಅಂತರ್ಜಲದಲ್ಲಿ ಕೂತಿದ್ದರೆ ಇದೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಆದರೆ ಅಗೆತಕ್ಕೂ ಬೆಲೆಯಿದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮೊದಲು ಹೊಂಡದ ನೀರು ಇಳಿಸಬೇಕು, ಆ ನೀರನ್ನು ಶುದ್ಧ ಮಾಡದೆ ನದಿಗೆ ಬಿಡುವಂತಿಲ್ಲ. ಅವಸರದಲ್ಲಿ ಇಳಿಸಿದರೆ ಏರಿಯೇ ಜಾರಬಹುದು. ಒಣಗಿದ ಬೂದಿ ಗಾಳಿಗೆ ಏಳುತ್ತದೆ. ಕಿಂಗ್‌ಸ್ಟನ್‌ನಲ್ಲಿ ಬೂದಿ ತೆಗೆದ ನೂರಾರು ಕೆಲಸಗಾರರು ತಮಗೆ ಕಾಯಿಲೆ ಬಂತು, ಮುಖಗವಸು ಕೊಡಲಿಲ್ಲ ಅಂತ ಕೋರ್ಟಿಗೆ ಹೋದರು. ಅಲ್ಲಿನ ಬೂದಿಯ ದೊಡ್ಡ ಪಾಲು ರೈಲಿನಲ್ಲಿ ಅಲಬಾಮಾದ ಯೂನಿಯನ್‌ಟೌನ್‌ಗೆ ಹೋಯಿತು. ಬಹುತೇಕ ಬಡ ಕಪ್ಪು ಜನರಿರುವ ಊರು ಅದು. ಒಂದು ಊರಿನ ಹೊಂಡ ಖಾಲಿ ಮಾಡುವ ಲೆಕ್ಕದಲ್ಲಿ ಬೂದಿ ಹೋಗಿ ಬೀಳುವ ಊರಿನ ಬಾವಿಯೂ ಗಾಳಿಯೂ ಬರಲೇಬೇಕು.

ನಮ್ಮ ರಾಯಚೂರಿನ ಶಕ್ತಿನಗರದಲ್ಲಿ ಆರ್‌ಟಿಪಿಎಸ್‌ನ, ಅಂದರೆ ರಾಯಚೂರು ಕಲ್ಲಿದ್ದಲು ವಿದ್ಯುತ್ ಸ್ಥಾವರದ, ಮೊದಲ ಘಟಕ 1985ರಲ್ಲಿ ಶುರುವಾಯಿತು. ಸ್ಥಾವರ ಇರುವುದು ಕೃಷ್ಣಾ ನದಿಯ ಪಕ್ಕದಲ್ಲೇ. ಹಳೆಯ ಘಟಕಗಳಿಗೆ ನಲವತ್ತರ ಆಸುಪಾಸು ವಯಸ್ಸು. ಯಾವತ್ತೋ ಒಂದು ದಿನ ಅವು ನಿಲ್ಲಲೇಬೇಕು. ಸುತ್ತಲಿನ ಇಟ್ಟಿಗೆ ಭಟ್ಟಿಗಳಿಗೂ ಸಿಮೆಂಟಿಗೂ ಹಾರುಬೂದಿ ಹೋಗುತ್ತದೆ, ಅದು ಒಳ್ಳೆಯದೇ. ಹೊಂಡದಲ್ಲಿ ಒದ್ದೆಯಾಗಿ ಕೂತ ಹಳೆಯ ಬೂದಿಯ ಮಾತು ಬೇರೆ. ಅದೇ ಜಿಲ್ಲೆಯ ಹಟ್ಟಿ ಚಿನ್ನದ ಗಣಿಯ ಬಂಡೆಗಳಲ್ಲಿ ಆರ್ಸೆನಿಕ್ ಖನಿಜ ಸಹಜವಾಗಿಯೇ ಇದೆ. ನಾಳೆ ಹೊಂಡದ ಹತ್ತಿರದ ಹಳ್ಳಿಯೊಂದರ ಕೊಳವೆಬಾವಿಯಲ್ಲಿ ಆರ್ಸೆನಿಕ್ ಸಿಕ್ಕರೆ ಬೂದಿಯದ್ದು ಅಂತ ಒಬ್ಬರು, ಬಂಡೆಯದ್ದು ಅಂತ ಇನ್ನೊಬ್ಬರು ವಾದಕ್ಕೆ ಇಳಿಯುತ್ತಾರೆ. ಅಂತರ್ಜಲ ಹರಿದು ಬರುವ ಕಡೆ, ಹರಿದು ಹೋಗುವ ಕಡೆ, ಎರಡೂ ಕಡೆಯ ಬಾವಿಗಳಲ್ಲಿ ಬೋರಾನ್, ಆರ್ಸೆನಿಕ್, ಸೆಲೆನಿಯಂ ಎಷ್ಟಿದೆ ಅಂತ ಘಟಕಗಳು ಓಡುತ್ತಿರುವಾಗಲೇ ಅಳೆಯಬೇಕು. ಅಳೆದು ಊರಿನ ಪಂಚಾಯಿತಿಯ ಗೋಡೆಗೆ ಅಂಟಿಸಬೇಕು. ಕೊನೆಯ ಘಟಕ ನಿಂತ ಮೇಲೆ ಅಳತೆ ಶುರು ಮಾಡಿದರೆ, ಹೋಲಿಸಿ ನೋಡಲು ಹಿಂದಿನ ಒಂದು ಅಂಕಿಯೂ ಕೈಯಲ್ಲಿ ಇರುವುದಿಲ್ಲ.