ರೋಟರಿ ಎಂಜಿನ್ ಅನ್ನು ಯಾರೂ ಹೂತುಹಾಕಲಿಲ್ಲ

ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ, ಕನೆಕ್ಟಿಂಗ್ ರಾಡ್ ಇಲ್ಲ. ಇಬ್ಬರು ಸೇರಿ ಎತ್ತಬಹುದಾದ ಪುಟ್ಟ ಎಂಜಿನ್ ದೊಡ್ಡ ಕಾರನ್ನು ಓಡಿಸುತ್ತದೆ. ಇಂತಹ ಅದ್ಭುತವನ್ನು ತೈಲ ಕಂಪನಿಗಳು ಸೇರಿ ಹೂತುಹಾಕಿದವು! ಹೀಗೆ ಸಾರುವ ವಿಡಿಯೊಗಳು ಕಲಬುರಗಿಯ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಮೊಬೈಲುಗಳಲ್ಲಿಯೂ ರಿಂಗ್ ರೋಡಿನ ಗ್ಯಾರೇಜುಗಳಲ್ಲಿಯೂ ಆಗಾಗ ಸುತ್ತುತ್ತಿರುತ್ತವೆ. ಮೆಕ್ಯಾನಿಕಲ್ ವಿಭಾಗದಲ್ಲಿ ಪಾಠ ಹೇಳುವ ನನಗೆ ಇದನ್ನು ಕೇಳಿದಾಗಲೆಲ್ಲ ಒಂದೇ ಮರುಪ್ರಶ್ನೆ ಹೊಳೆಯುತ್ತದೆ: ಅಷ್ಟೇ ದಾರಿಗೆ ಹೆಚ್ಚು ಪೆಟ್ರೋಲ್ ಕುಡಿಯುವ ಎಂಜಿನ್ ಅನ್ನು ಪೆಟ್ರೋಲ್ ಮಾರುವವರು ಏಕೆ ಹೂತುಹಾಕಬೇಕು? ಅವರು ಅದನ್ನು ತಲೆಯ ಮೇಲೆ ಹೊತ್ತು ಮೆರೆಸಬೇಕಿತ್ತಲ್ಲವೇ? ರೋಟರಿ ಎಂಜಿನ್ ಹಿಂದೆ ಸರಿದದ್ದಕ್ಕೆ ಕಾರಣ ಪಿತೂರಿಯಲ್ಲ, ಅದರ ರೇಖಾಗಣಿತ. ಅದನ್ನು ಮೆಚ್ಚಿಸುವ ಆಕಾರ ಯಾವುದೋ ಅದೇ ಆಕಾರ ಅದಕ್ಕೆ ತೊಡಕೂ ಹೌದು.

ಆ ಆಕಾರವನ್ನು ಮೊದಲು ನೋಡೋಣ. ಹೊರಗಿನ ಕವಚದ ಒಳಮೈ ನಡುವೆ ತುಸು ಒಳಕ್ಕೆ ಒತ್ತಿದ ಉದ್ದವೃತ್ತದಂತಿದೆ. ಅದರೊಳಗೆ ಉಬ್ಬಿದ ಬದಿಗಳುಳ್ಳ ತ್ರಿಕೋನಾಕಾರದ ರೋಟರ್ ಒಂದು ತಿರುಗುತ್ತದೆ, ಆದರೆ ತನ್ನ ನಡುಬಿಂದುವಿನ ಸುತ್ತ ಸುಮ್ಮನೆ ತಿರುಗುವುದಿಲ್ಲ. ಎಂಜಿನ್ನಿನ ಶಕ್ತಿಯನ್ನು ಹೊರಗೊಯ್ಯುವ ಶಾಫ್ಟಿನ ಮೇಲೆ ಕೇಂದ್ರ ತಪ್ಪಿಸಿ ಕೂರಿಸಿದ ದುಂಡನೆಯ ಉಬ್ಬಿನ ಮೇಲೆ ಅದು ಕುಳಿತಿದೆ. ರೋಟರಿನ ಒಳಗಿನ ಹಲ್ಲುಚಕ್ರವು ಕವಚಕ್ಕೆ ಬಿಗಿದ, ಅಲುಗಾಡದ ಹಲ್ಲುಚಕ್ರದ ಸುತ್ತ ಉರುಳುತ್ತದೆ. ಈ ಎರಡು ಚಕ್ರಗಳ ಹಲ್ಲುಗಳ ಪ್ರಮಾಣ 3ಕ್ಕೆ 2 ಇರುವುದರಿಂದ, ರೋಟರ್ ಒಂದು ಸುತ್ತು ಮುಗಿಸುವಷ್ಟರಲ್ಲಿ ಶಾಫ್ಟ್ ಮೂರು ಸುತ್ತು ಹಾಕಿರುತ್ತದೆ, ಮತ್ತು ತ್ರಿಕೋನದ ಮೂರೂ ತುದಿಗಳು ಯಾವ ಕ್ಷಣದಲ್ಲಿಯೂ ಕವಚದ ಒಳಮೈಯನ್ನು ಬಿಟ್ಟು ಅಗಲುವುದಿಲ್ಲ. ಮೀಟರಿನ ಮುಳ್ಳು ನಿಮಿಷಕ್ಕೆ 9000 ಸುತ್ತು ತೋರಿಸುವಾಗ ರೋಟರ್ ತಿರುಗುತ್ತಿರುವುದು 3000 ಸುತ್ತು ಮಾತ್ರ.

ತ್ರಿಕೋನದ ಮೂರು ಬದಿಗಳಿಗೂ ಕವಚಕ್ಕೂ ನಡುವೆ ಮೂರು ಕೋಣೆಗಳು ಉಂಟಾಗುತ್ತವೆ. ತಿರುಗುತ್ತ ಹೋದಂತೆ ಪ್ರತಿ ಕೋಣೆಯೂ ಹಿಗ್ಗುತ್ತದೆ, ಕುಗ್ಗುತ್ತದೆ, ಮತ್ತೆ ಹಿಗ್ಗುತ್ತದೆ, ಮತ್ತೆ ಕುಗ್ಗುತ್ತದೆ. ಅಂದರೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಗೆಳೆಯುವುದು, ಅದುಮುವುದು, ಉರಿಸುವುದು, ಹೊಗೆಯನ್ನು ಹೊರದೂಡುವುದು ಎಂಬ ನಾಲ್ಕೂ ಕೆಲಸಗಳು ಒಂದರ ಹಿಂದೊಂದು ನಡೆಯುತ್ತವೆ. ಪಿಸ್ಟನ್ ಎಂಜಿನ್‌ನಲ್ಲಿ ಈ ನಾಲ್ಕೂ ಕೆಲಸಗಳು ಒಂದೇ ಸಿಲಿಂಡರಿನಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ ಆಗುತ್ತವೆ. ರೋಟರಿಯಲ್ಲಿ ಅವು ಕವಚದ ಬೇರೆ ಬೇರೆ ಜಾಗಗಳಲ್ಲಿ ಆಗುತ್ತವೆ. ಇಲ್ಲಿ ಕೋಣೆಯೇ ನಡೆದು ಹೋಗುತ್ತದೆ. ಈ ಒಂದು ಸಂಗತಿಯನ್ನು ಬಿಡದೆ ಹಿಡಿದುಕೊಂಡರೆ ಮುಂದಿನದೆಲ್ಲ ತಾನಾಗಿ ತಿಳಿಯುತ್ತದೆ.

ಇದರ ಮೊದಲ ಲಾಭ ನಯವಾದ ಓಟ. ಹಿಂದೆ ಮುಂದೆ ಓಡಾಡುವ ಭಾಗ ಒಂದೂ ಇಲ್ಲದ ಕಾರಣ ಶಾಫ್ಟಿಗೆ ಜೋಡಿಸಿದ ಪ್ರತಿಭಾರಗಳಿಂದಲೇ ಅದನ್ನು ಪೂರ್ಣವಾಗಿ ಸಮತೋಲನಕ್ಕೆ ತರಬಹುದು. ಉರಿದ ಅನಿಲದ ಪ್ರತಿ ತಳ್ಳುವಿಕೆಯೂ, ಪಿಸ್ಟನ್ ಎಂಜಿನ್ನಿನಲ್ಲಿರುವಂತೆ ಶಾಫ್ಟಿನ 180 ಡಿಗ್ರಿಯ ಬದಲು, 270 ಡಿಗ್ರಿಯವರೆಗೆ ಹರಡಿರುತ್ತದೆ. ವೇಗ ಏರಿದರೂ ನಡುಕ ಏರದ ಕಾರಣ, ಮಿತಿ ಮೀರುತ್ತಿದೆಯೆಂದು ಚಾಲಕನನ್ನು ಎಚ್ಚರಿಸಲು ಜಪಾನಿನ ಮಾಜ್ದಾ ಕಂಪನಿಯ ರೋಟರಿ ಕಾರುಗಳಲ್ಲಿ ಪೀಪಿಯೊಂದನ್ನು ಇಡಬೇಕಾಯಿತು.

ಆದರೆ ಇಲ್ಲಿಯೇ ಒಂದು ತಪ್ಪು ಕಲ್ಪನೆ ನುಸುಳುತ್ತದೆ. ಪಿಸ್ಟನ್ ಮೇಲೆ ಹೋಗಿ ನಿಂತು ಮತ್ತೆ ಕೆಳಗೆ ಹೊರಡಬೇಕು. ಹೀಗೆ ನಿಲ್ಲಿಸಿ ಹೊರಡಿಸುವುದರಲ್ಲೇ ಅರ್ಧ ಶಕ್ತಿ ಹಾಳಾಗುತ್ತದೆ, ರೋಟರಿಯಲ್ಲಿ ಆ ನಷ್ಟವಿಲ್ಲ ಎಂಬ ಮಾತನ್ನು ಓದಿದವರೂ ಹೇಳುತ್ತಾರೆ. ನಿಮಿಷಕ್ಕೆ 6000 ಸುತ್ತಿನಲ್ಲಿ ಪಿಸ್ಟನ್ ಸೆಕೆಂಡಿಗೆ 200 ಬಾರಿ ನಿಲ್ಲುತ್ತದೆ ಎಂಬುದು ನಿಜ. ಹೊರಡುವಾಗ ಅದಕ್ಕೆ ವೇಗ ಕೊಡಲು ಪಿಸ್ಟನ್ನಿನ ಓಡಾಟವನ್ನು ತಿರುಗಾಟವಾಗಿಸುವ ಕ್ರ್ಯಾಂಕ್ ಶಾಫ್ಟ್ ಮತ್ತು ಅದಕ್ಕೆ ಜೋಡಿಸಿದ ಭಾರದ ಚಕ್ರವಾದ ಫ್ಲೈವೀಲ್ ತಮ್ಮ ಶಕ್ತಿಯನ್ನು ವ್ಯಯಿಸುತ್ತವೆ ಎಂಬುದೂ ನಿಜ. ಆದರೆ ಅದೇ ಪಿಸ್ಟನ್ ನಿಧಾನವಾಗುವಾಗ ತನ್ನಲ್ಲಿದ್ದ ಚಲನಶಕ್ತಿಯನ್ನು ಕನೆಕ್ಟಿಂಗ್ ರಾಡಿನ ಮೂಲಕ ಕ್ರ್ಯಾಂಕಿಗೇ ಹಿಂದಿರುಗಿಸುತ್ತದೆ; ಅದನ್ನು ನಿಲ್ಲಿಸುವುದು ಬ್ರೇಕಿನಂತಹ ಉಜ್ಜಾಟವಲ್ಲ, ಶಾಫ್ಟೇ. ಕೊಟ್ಟದ್ದು, ಬೇರಿಂಗುಗಳ ಘರ್ಷಣೆಯ ಪಾಲೊಂದನ್ನು ಬಿಟ್ಟರೆ, ಮರಳಿ ಬರುತ್ತದೆ. ಪಿಸ್ಟನ್ನಿನ ಓಡಾಟದಿಂದ ನಡುಕ ಹುಟ್ಟುತ್ತದೆ, ಲೋಹಕ್ಕೆ ಆಯಾಸವಾಗುತ್ತದೆ, ವೇಗಕ್ಕೆ ಮಿತಿ ಬೀಳುತ್ತದೆ. ಇಂಧನ ಪೋಲಾಗುವುದು ಮಾತ್ರ ಬಹುಮಟ್ಟಿಗೆ ಅದರಿಂದಲ್ಲ.

ಎರಡನೆಯ ಭ್ರಮೆ ಅಳತೆಯದು. 2003ರಲ್ಲಿ ಬಂದ ಮಾಜ್ದಾ ಆರ್‌ಎಕ್ಸ್-8 ಕಾರಿನ ಎಂಜಿನ್ ಕೇವಲ 1.3 ಲೀಟರಿನದು, ಶಕ್ತಿ ಮಾತ್ರ ಸುಮಾರು 230 ಅಶ್ವಶಕ್ತಿ ಎಂದು ಬೆರಗಾಗುವವರು ಆ ಲೆಕ್ಕ ಹೇಗಾಯಿತೆಂದು ಕೇಳುವುದಿಲ್ಲ. ಎರಡು ರೋಟರುಗಳ ತಲಾ ಒಂದು ಕೋಣೆಯನ್ನು, ಅಂದರೆ 654 ಸಿಸಿಯನ್ನು, ಎರಡು ಬಾರಿ ಕೂಡಿಸಿ ಬಂದ ಸಂಖ್ಯೆಯದು. ಈ ಎಂಜಿನ್ ಶಾಫ್ಟಿನ ಒಂದೇ ಸುತ್ತಿಗೆ 1.3 ಲೀಟರ್ ಮಿಶ್ರಣವನ್ನು ಒಳಗೆಳೆಯುತ್ತದೆ; ಸಾಮಾನ್ಯ ಫೋರ್‌ಸ್ಟ್ರೋಕ್ ಎಂಜಿನ್ ತನ್ನ ಪೂರ್ಣ ಅಳತೆಯಷ್ಟು ಎಳೆದುಕೊಳ್ಳಲು ಎರಡು ಸುತ್ತು ಬೇಕು. ಉಸಿರಾಟದ ಲೆಕ್ಕದಲ್ಲಿ ಅದು 2.6 ಲೀಟರ್ ಎಂಜಿನ್ನಿಗೆ ಸಮ. ಹಾಗೆ ನೋಡಿದಾಗ 230 ಅಶ್ವಶಕ್ತಿ ಒಳ್ಳೆಯ ಸಾಧನೆಯೇ ಹೊರತು ಪವಾಡವಲ್ಲ. ಅಷ್ಟು ಉಸಿರಾಡುವ ಯಂತ್ರ ಇಷ್ಟು ಚಿಕ್ಕದೂ ಹಗುರವೂ ಆಗಿರುವುದು ಮಾತ್ರ ನಿಜವಾದ ಸೋಜಿಗ.

ಇದನ್ನು ಕಲ್ಪಿಸಿದ ಫೆಲಿಕ್ಸ್ ವಾಂಕೆಲ್ 1902ರಲ್ಲಿ ಜರ್ಮನಿಯ ಲಾರ್ ಎಂಬ ಊರಿನಲ್ಲಿ ಹುಟ್ಟಿದವರು. ದೃಷ್ಟಿದೋಷವಿದ್ದ ಕಾರಣ ಅವರು ಕೊನೆಯವರೆಗೂ ಡ್ರೈವಿಂಗ್ ಲೈಸೆನ್ಸ್ ಪಡೆಯಲೇ ಇಲ್ಲ. 1957ರಲ್ಲಿ ಜರ್ಮನಿಯ ವಾಹನ ತಯಾರಕ ಎನ್‌ಎಸ್‌ಯು ಕಂಪನಿಯಲ್ಲಿ ಓಡಿದ ಅವರ ಮೊದಲ ಮಾದರಿಯಲ್ಲಿ ರೋಟರಿನ ಜೊತೆಗೆ ಕವಚವೂ ತಿರುಗುತ್ತಿತ್ತು. ಕವಚವನ್ನು ನಿಲ್ಲಿಸಿ, ಕಾರಿಗೆ ಹೊಂದುವ ಸರಳ ರೂಪವನ್ನು ಕೊಟ್ಟವರು ಅದೇ ಕಂಪನಿಯ ಹಾನ್ಸ್ ಡೀಟರ್ ಪಾಶ್ಕೆ. ತಾನು ಸಾಕಿದ ಪಂದ್ಯದ ಕುದುರೆಯನ್ನು ನೇಗಿಲಿಗೆ ಹೂಡಿದರೆಂದು ವಾಂಕೆಲ್ ಬೇಸರಪಟ್ಟರಂತೆ. 1967ರಲ್ಲಿ ಎನ್‌ಎಸ್‌ಯು ಹೊರತಂದ ರೋ 80 ಎಂಬ ರೋಟರಿ ಕಾರು ಮರುವರ್ಷ ಯುರೋಪಿನ ವರ್ಷದ ಕಾರೆಂಬ ಗೌರವ ಗಳಿಸಿತು, ಆದರೆ ಅದರ ಎಂಜಿನ್‌ಗಳು ಒಂದೊಂದಾಗಿ ಕೆಟ್ಟವು. ವಾರಂಟಿಯಲ್ಲಿ ಎಂಜಿನ್ ಬದಲಿಸಿ ಬದಲಿಸಿ ಸೋತ ಕಂಪನಿ 1969ರಲ್ಲಿ ಫೋಕ್ಸ್‌ವ್ಯಾಗನ್ ಬಳಗಕ್ಕೆ ಸೇರಿಹೋಯಿತು.

ಕೆಡುತ್ತಿದ್ದದ್ದು ಎಲ್ಲಿ? ತ್ರಿಕೋನದ ತುದಿಯಲ್ಲಿ. ಅನಿಲ ಸೋರದಂತೆ ತಡೆಯುವ ಪಿಸ್ಟನ್ ರಿಂಗ್ ತನ್ನ ಅಗಲವಾದ ಮೈಯಿಂದ ಸಿಲಿಂಡರಿಗೆ ಒತ್ತಿಕೊಂಡಿರುತ್ತದೆ, ಒಂದರ ಹಿಂದೆ ಇನ್ನೊಂದು ರಿಂಗ್ ಇರುತ್ತದೆ. ಅದೇ ಕೆಲಸ ಮಾಡುವ ರೋಟರಿನ ತುದಿಯ ಸೀಲ್ ಒಂದೇ ಒಂದು ಪಟ್ಟಿ. ಅದು ಕವಚವನ್ನು ಮುಟ್ಟುವುದು ಒಂದು ಗೆರೆಯಷ್ಟು ಜಾಗದಲ್ಲಿ, ಮತ್ತು ತಿರುಗಿದಂತೆ ಅದು ಕವಚಕ್ಕೆ ವಾಲುವ ಕೋನವೂ ಬದಲಾಗುತ್ತಿರುವುದರಿಂದ ಆ ಗೆರೆಯೂ ಅತ್ತಿತ್ತ ಸರಿಯುತ್ತದೆ. 1961ರಲ್ಲಿ ಎನ್‌ಎಸ್‌ಯು ಜೊತೆ ಒಪ್ಪಂದ ಮಾಡಿಕೊಂಡ ಹಿರೋಶಿಮಾದ ಮಾಜ್ದಾ ಕಂಪನಿಯಲ್ಲಿ ಕೆನ್‌ಇಚಿ ಯಾಮಾಮೊಟೊ ಮುಂದಾಳತ್ವದ 47 ಎಂಜಿನಿಯರುಗಳ ತಂಡ ಕವಚಗಳನ್ನು ಬಿಚ್ಚಿ ನೋಡಿದಾಗ ಒಳಮೈಯ ಕ್ರೋಮ್ ಲೇಪದ ಮೇಲೆ ಸಾಲುಸಾಲು ಬರೆಗಳು ಮೂಡಿದ್ದವು. ಅವನ್ನು ಅವರು ದೆವ್ವದ ಉಗುರುಗುರುತು ಎಂದು ಕರೆದರು. ದೆವ್ವವೇನೂ ಇರಲಿಲ್ಲ, ಸೀಲ್ ತನ್ನ ಸ್ವಾಭಾವಿಕ ಆವರ್ತನದಲ್ಲಿ ಕಂಪಿಸುತ್ತ, ಜಾರುವ ಬದಲು ಕುಪ್ಪಳಿಸುತ್ತ ಸಾಗುತ್ತಿತ್ತು. ಕುದುರೆ, ದನಗಳ ಮೂಳೆಯಿಂದಲೂ ಸೀಲ್ ಮಾಡಿ ನೋಡಿದ ಆ ತಂಡ ಕೊನೆಗೆ ಸೀಲಿನೊಳಗೆ ರಂಧ್ರ ಕೊರೆದರೆ ಕಂಪನದ ಆವರ್ತನ ಬದಲಾಗಿ ಬರೆಗಳು ನಿಲ್ಲುತ್ತವೆಂದು ಕಂಡುಕೊಂಡಿತು. 1967ರ ಕಾಸ್ಮೊ ಸ್ಪೋರ್ಟ್ ಕಾರಿಗೆ ಅಲ್ಯೂಮಿನಿಯಂ ಬೆರೆಸಿದ ಇಂಗಾಲದ ಸೀಲ್ ಬಂತು. ನಮ್ಮ ಭಾಗದ ಜನರಿಗೆ ಮಾಜ್ದಾ ಎಂದರೆ ಸ್ವರಾಜ್ ಮಾಜ್ದಾ ಮಿನಿಲಾರಿ. ಆ ಹೆಸರಿನ ಹಿಂದೆ ಇಂತಹ ಹಟವೂ ಇದೆ.

ಸೀಲಿನ ಕಾಟವನ್ನು ಹೀಗೆ ಬಹುಮಟ್ಟಿಗೆ ಗೆದ್ದರೂ ಉರಿಯುವ ಕೋಣೆಯ ಆಕಾರವನ್ನು ಗೆಲ್ಲಲಾಗಲಿಲ್ಲ. ಕಿಡಿ ಹೊತ್ತುವ ಕ್ಷಣದಲ್ಲಿ ಆ ಕೋಣೆ ಉದ್ದವಾಗಿ, ಚಪ್ಪಟೆಯಾಗಿ, ಕುಡುಗೋಲಿನಂತೆ ಬಾಗಿರುತ್ತದೆ. ಗುಂಡಗಿನ ಪಾತ್ರೆಯಲ್ಲಿ ಬಹಳ ಹೊತ್ತು ಬಿಸಿಯಾಗಿರುವ ಬೇಳೆಸಾರನ್ನು ಅಗಲ ತಟ್ಟೆಗೆ ಸುರಿದರೆ ರೊಟ್ಟಿ ಮುರಿಯುವಷ್ಟರಲ್ಲಿ ತಣ್ಣಗಾಗುವಂತೆ, ಇಲ್ಲಿಯೂ ಅನಿಲದ ಗಾತ್ರಕ್ಕೆ ಹೋಲಿಸಿದರೆ ಗೋಡೆಯೇ ಹೆಚ್ಚಾಗಿ, ಶಾಫ್ಟನ್ನು ತಳ್ಳಬೇಕಾದ ಶಾಖ ಲೋಹಕ್ಕೆ ಇಳಿದುಹೋಗುತ್ತದೆ. ಗೋಡೆಯ ಹತ್ತಿರ ಜ್ವಾಲೆ ನಂದುತ್ತದೆ. ಕೋಣೆ ಮುಂದೆ ಓಡುತ್ತಿರುವುದರಿಂದ ಜ್ವಾಲೆ ಮುಂದಿನ ತುದಿಗೆ ಬೇಗ ಹಬ್ಬುತ್ತದೆ, ಹಿಂದಿನ ಮೂಲೆಯ ಮಿಶ್ರಣ ಮಾತ್ರ ಉರಿಯದೆಯೇ ಉಳಿಯುತ್ತದೆ. ಪ್ರತಿ ರೋಟರಿಗೂ ಎರಡು ಸ್ಪಾರ್ಕ್ ಪ್ಲಗ್ ಇಟ್ಟರೂ ಇದು ಪೂರ್ತಿ ತಪ್ಪಲಿಲ್ಲ. ಉರಿಯದ ಪೆಟ್ರೋಲ್ ಸೈಲೆನ್ಸರಿನ ಕಡೆ ಹೋಗುತ್ತದೆ. ಎಪ್ಪತ್ತರ ದಶಕದಲ್ಲಿ ಅಮೆರಿಕದ ಹೊಗೆ ನಿಯಮಗಳಿಗಾಗಿ ಮಾಜ್ದಾ ಅದನ್ನು ಹೊರದಾರಿಯಲ್ಲಿ ಮತ್ತೆ ಉರಿಸುವ ವ್ಯವಸ್ಥೆ ಮಾಡಿತು, ಅದಕ್ಕಾಗಿ ಇನ್ನಷ್ಟು ಪೆಟ್ರೋಲ್ ಸುರಿಯಬೇಕಾಯಿತು. ಅಷ್ಟರಲ್ಲಿ 1973ರ ತೈಲ ಬಿಕ್ಕಟ್ಟು ಬಂತು. ಪರವಾನಗಿಗಾಗಿ 5 ಕೋಟಿ ಡಾಲರ್ ಕೊಡಲು ಒಪ್ಪಿದ್ದ ಜನರಲ್ ಮೋಟರ್ಸ್ ಕೂಡ ಕೈಬಿಟ್ಟಿತು.

ಆರ್‌ಎಕ್ಸ್-8 ಲೀಟರಿಗೆ ಕೊಡುತ್ತಿದ್ದದ್ದು ಸುಮಾರು 8 ಕಿ.ಮೀ. ಕಲಬುರಗಿಯಿಂದ ಬೆಂಗಳೂರಿಗೆ ಇರುವ ಸುಮಾರು 600 ಕಿ.ಮೀ. ದಾರಿಗೆ 75 ಲೀಟರ್ ಬೇಕು. ಒಂದು ಟ್ಯಾಂಕ್ ಸಾಲದು. ಮೇ ತಿಂಗಳಲ್ಲಿ 43 ಡಿಗ್ರಿ ದಾಟುವ ನಮ್ಮೂರಿನ ಬಿಸಿಲಿನಲ್ಲಿ, ಲೋಹಕ್ಕಿಳಿದ ಆ ಶಾಖವನ್ನೆಲ್ಲ ಹೊರಹಾಕುವ ಭಾರ ರೇಡಿಯೇಟರಿನ ಮೇಲೂ, ರೋಟರಿನ ಒಳಗನ್ನು ತಂಪಾಗಿಸುವ ಆಯಿಲಿನ ಮೇಲೂ ಬೀಳುತ್ತದೆ. ಆ ಆಯಿಲನ್ನು ಸೀಲುಗಳಿಗೆ ಜಾರುಮೈ ಕೊಡಲೆಂದು ಸ್ವಲ್ಪ ಸ್ವಲ್ಪವಾಗಿ ಕೋಣೆಯೊಳಗೂ ಬಿಡಲಾಗುತ್ತದೆ, ಅದು ಪೆಟ್ರೋಲಿನ ಜೊತೆಗೇ ಉರಿದುಹೋಗುತ್ತದೆ. ಎಂಜಿನ್ ಆಯಿಲ್ ತಿನ್ನುತ್ತಿದೆ ಎಂದರೆ ರಿಂಗ್ ಹೋಗಿದೆ ಎಂದು ನಮ್ಮ ಮಿಸ್ತ್ರಿಗಳು ಸರಿಯಾಗಿಯೇ ಹೇಳುತ್ತಾರೆ. ಇಲ್ಲಿ ಆಯಿಲ್ ತಿನ್ನದಿದ್ದರೆ ಕೆಟ್ಟಿದೆ ಎಂದು ಅರ್ಥ. ಪಂಪ್‌ಸೆಟ್ ಎಂಜಿನ್ ಸವೆದರೆ ಲೇತ್ ಅಂಗಡಿಯಲ್ಲಿ ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕಿಸಬಹುದು, ಆದರೆ ರೋಟರಿಯ ಕವಚದ ವಕ್ರರೇಖೆಯನ್ನು ಹಾಗೆ ಕೊರೆಯಲು ಬರುವುದಿಲ್ಲ, ಕವಚವನ್ನೇ ಬದಲಿಸಬೇಕು. ಭಾರತದಲ್ಲಿ ಮಾಜ್ದಾ ಕಾರು ಮಾರುವುದೇ ಇಲ್ಲದಿರುವಾಗ ಅದಕ್ಕೆ ಎಲ್ಲಿಗೆ ಹೋಗುವುದು?

ಓಟದ ಪಂದ್ಯದಲ್ಲಿ ಸೋಲಿಸಲಾಗದೆ ನಿಷೇಧಿಸಿದರು ಎಂಬ ಕಥೆಯೂ ಅರೆಸತ್ಯ. ನಾಲ್ಕು ರೋಟರಿನ ಮಾಜ್ದಾ 787ಬಿ 1991ರಲ್ಲಿ ಫ್ರಾನ್ಸಿನ ಲೆ ಮಾನ್ ಪಂದ್ಯವನ್ನು, ಇಪ್ಪತ್ತನಾಲ್ಕು ಗಂಟೆ ಓಡಿ, ಗೆದ್ದದ್ದು ನಿಜ. ಜಪಾನಿನ ಕಾರೊಂದು ಅಲ್ಲಿ ಗೆದ್ದದ್ದು ಅದೇ ಮೊದಲು. ಎಂಜಿನ್‌ಗಳನ್ನು 3.5 ಲೀಟರಿನ ಪಿಸ್ಟನ್ ಮಾದರಿಗೆ ಸೀಮಿತಗೊಳಿಸುವ ನಿರ್ಧಾರ ಮಾತ್ರ ಆ ಗೆಲುವಿಗೂ ಮೊದಲೇ ಆಗಿತ್ತು.

2012ರಲ್ಲಿ ಆರ್‌ಎಕ್ಸ್-8 ನಿಂತ ಮೇಲೆ, 2023ರಲ್ಲಿ ಮಾಜ್ದಾ 830 ಸಿಸಿಯ ಒಂಟಿ ರೋಟರನ್ನು ಎಂಎಕ್ಸ್-30 ಎಂಬ ವಿದ್ಯುತ್ ಕಾರಿನಲ್ಲಿ ಬ್ಯಾಟರಿ ತುಂಬುವ ಜನರೇಟರಾಗಿ ಮರಳಿ ತಂದಿತು. ಚಕ್ರಕ್ಕೆ ನೇರ ಸಂಬಂಧವಿಲ್ಲದ ಕಾರಣ ಅದನ್ನು ಅದಕ್ಕೆ ಒಗ್ಗುವ ವೇಗದಲ್ಲಿ ಓಡಿಸಬಹುದು, ಮೋಟರಿನ ಪಕ್ಕದ ಇಕ್ಕಟ್ಟಿನಲ್ಲಿ ಕೂರಿಸಬಹುದು. ಆದರೂ ಪಿಸ್ಟನ್ ಎಂಜಿನ್ನಿನ ಒಳ್ಳೆಯ ಹೈಬ್ರಿಡ್ ಕಾರುಗಳ ಮೈಲೇಜನ್ನು ಅದು ಮುಟ್ಟಲಿಲ್ಲ, ಏಕೆಂದರೆ ಕೋಣೆ ಚಪ್ಪಟೆಯಾಗಿಯೇ ಇದೆ.

ಇದಕ್ಕಿಂತ ಸಹಜವಾದ ನೆಲೆ ರೋಟರಿಗೆ ಸಿಕ್ಕಿದ್ದು ಆಕಾಶದಲ್ಲಿ. ಕೆಲವೇ ಗಂಟೆ ಹಾರಿ ಇಳಿಯುವ ಚಾಲಕರಹಿತ ವಿಮಾನಕ್ಕೆ ಮೈಲೇಜಿಗಿಂತ ತೂಕ ಮುಖ್ಯ, ನಡುಕವಿಲ್ಲದಿದ್ದರೆ ಕ್ಯಾಮೆರಾದ ಚಿತ್ರವೂ ಸ್ಪಷ್ಟ. ಸವೆದ ಸೀಲುಗಳನ್ನು ನೆಲದ ಮೇಲೆ ನಿಗದಿತ ಅವಧಿಗೆ ಬದಲಿಸಿದರಾಯಿತು. ಬೆಂಗಳೂರಿನ ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯವು ಡಿಆರ್‌ಡಿಒದ ಎರಡು ಸಂಸ್ಥೆಗಳೊಂದಿಗೆ ಸೇರಿ ರೂಪಿಸಿದ 55 ಅಶ್ವಶಕ್ತಿಯ, ಸುಮಾರು 30 ಕಿಲೊ ತೂಕದ ವಾಂಕೆಲ್ ಎಂಜಿನ್ 2009ರ ಏಪ್ರಿಲ್‌ನಲ್ಲಿ ನಿಶಾಂತ್ ಎಂಬ ಚಾಲಕರಹಿತ ವಿಮಾನವನ್ನು ಕೋಲಾರದ ಬಳಿ ಹಾರಿಸಿತು. ವಿದ್ಯಾರ್ಥಿಗಳು ರೋಟರಿಯ ಪ್ರಾಜೆಕ್ಟ್ ಮಾಡುತ್ತೇವೆಂದು ಬಂದಾಗ ನಾನು ಕಾರನ್ನು ಬದಿಗಿಟ್ಟು ಈ ಎಂಜಿನ್ನಿನ ತೂಕ ಮತ್ತು ಶಕ್ತಿಯ ಲೆಕ್ಕದಿಂದಲೇ ಆರಂಭಿಸಲು ಹೇಳುತ್ತೇನೆ.