ಚಿಕ್ಕ ಮಕ್ಕಳ ಟೀಚರ್‌ಗೆ ಕಾಲೇಜು ಯಾಕಿಷ್ಟು ದೂರ?

ಒಂದನೇ ಕ್ಲಾಸಿಗೆ ಪಾಠ ಮಾಡಬೇಕಾದರೆ ಪಿಯುಸಿ ಮುಗಿಸಿ ಎರಡು ವರ್ಷ ಡಿ.ಎಲ್.ಇಡಿ ಎಂಬ ಶಿಕ್ಷಕರ ಡಿಪ್ಲೊಮಾ ಓದಬೇಕು. ಆಮೇಲೆ ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಪಾಸಾಗಬೇಕು. ಒಂದನೇ ಕ್ಲಾಸಿಗೆ ಬರುವ ಮೊದಲು ಅದೇ ಮಗುವನ್ನು ಮೂರು ವರ್ಷ ನೋಡಿಕೊಳ್ಳುವವರು ಅಂಗನವಾಡಿ ಟೀಚರ್. ಅವರಿಗೆ ಐಸಿಡಿಎಸ್, ಅಂದರೆ ಅಂಗನವಾಡಿ ನಡೆಸುವ ಕೇಂದ್ರದ ಯೋಜನೆಯ ನಿಯಮದಲ್ಲಿ ಬಹುಕಾಲ ಇದ್ದ ತರಬೇತಿ 26 ಕೆಲಸದ ದಿನದ್ದು. ಅದೂ ಕೆಲಸಕ್ಕೆ ಸೇರಿದ ಮೇಲೆ, ಸರದಿ ಬಂದಾಗ.

ಇದು ಯಾರೋ ಒಬ್ಬರು ಕೂತು ಮಾಡಿದ ತೀರ್ಮಾನ ಅಲ್ಲ. ನೂರೈವತ್ತು ವರ್ಷದಿಂದ ಒಂದೊಂದಾಗಿ ಸೇರಿಕೊಂಡು ಬಂದದ್ದು. ಉತ್ತರ ಕನ್ನಡದಲ್ಲಿ ನಿಂತು ನೋಡಿದರೆ ಅದು ಚೆನ್ನಾಗಿ ಕಾಣುತ್ತದೆ. ಯಾಕೆಂದರೆ ಇಲ್ಲಿ ತರಬೇತಿ ಅಂದರೆ ಯಾವತ್ತೂ ಬೇರೆ ಊರಿನ ಮಾತೇ ಆಗಿತ್ತು.

1862ರಲ್ಲಿ ನಮ್ಮ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1956ರವರೆಗೂ ಅಲ್ಲೇ ಇತ್ತು. ಆ ಕಾಲದಲ್ಲಿ ಪ್ರಾಥಮಿಕ ಶಾಲೆಯ ಕೊನೆಯ ಮುಲ್ಕಿ ಪರೀಕ್ಷೆ ಪಾಸಾದ ಹುಡುಗ ಕನ್ನಡ ಶಾಲೆಯ ಮಾಸ್ತರನಾಗಬಹುದಿತ್ತು. ತರಬೇತಿ ಬೇಕೆಂದರೆ ಘಟ್ಟ ಹತ್ತಿ ಧಾರವಾಡದ ಟ್ರೈನಿಂಗ್ ಕಾಲೇಜಿಗೆ ಹೋಗಬೇಕು. ಅಂಕೋಲಾ, ಹೊನ್ನಾವರದ ಕಡೆಯಿಂದ ಒಬ್ಬ ಗಂಡಸು ಮನೆ ಬಿಟ್ಟು ಅಷ್ಟು ದಿನ ಇರುವುದೇ ಕಷ್ಟ. ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿ ಹೋಗಲು ಸಾಧ್ಯವಿತ್ತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಮುಂಬಯಿ ಪ್ರಾಂತ್ಯದಲ್ಲಿ, ಆಗಿನ ಠಾಣೆ ಜಿಲ್ಲೆಯ ಬೋರ್ಡಿ ಎಂಬ ಕಡಲೂರಿನಲ್ಲಿ, 1945ರಲ್ಲಿ ಒಂದು ದೊಡ್ಡ ಪ್ರಯೋಗ ಶುರುವಾಯಿತು. ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಅಲ್ಲಿ ಹಳ್ಳಿ ಮಕ್ಕಳಿಗಾಗಿ ಬಾಲವಾಡಿ ತೆರೆದರು. ಅದಕ್ಕೂ ಮೊದಲು ತಾರಾಬಾಯಿ ಗುಜರಾತಿನಲ್ಲಿ ಶಿಶು ಶಿಕ್ಷಣ ತಜ್ಞ ಗಿಜುಭಾಯಿ ಬಧೇಕಾ ಜೊತೆ ಕೆಲಸ ಮಾಡಿದ್ದರು. ಬೋರ್ಡಿಯ ಮಕ್ಕಳು ಬಾಲವಾಡಿಗೆ ಬರದಿದ್ದಾಗ ಇವರು ಬಾಲವಾಡಿಯನ್ನೇ ಕೇರಿಗೆ ತೆಗೆದುಕೊಂಡು ಹೋದರು. ಚಿಪ್ಪು, ಬೀಜ, ಎಲೆ, ಕಲ್ಲುಗಳೇ ಪಾಠದ ಸಾಮಾನು. 1957ರಲ್ಲಿ ಕೆಲಸ ಕೋಸಬಾಡಕ್ಕೆ ಹೋಯಿತು. ಅಲ್ಲಿ ಕೂಸುಗಳ ಪಾಲನೆ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರೂ ಒಂದೇ ಜಾಗದಲ್ಲಿ. ತಮ್ಮನನ್ನು ಎತ್ತಿಕೊಂಡು ಅಕ್ಕನೂ ಶಾಲೆಗೆ ಬರಬಹುದಿತ್ತು. ಕಲಿಸುವವರಿಗೂ ಅಲ್ಲೇ ತರಬೇತಿ, ಮಕ್ಕಳ ನಡುವೆಯೇ.

ಈ ಮೂರನ್ನೂ ಕೂಡಿಸಿ ನೋಡಿದ್ದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ನಾವು ಆಮೇಲೆ ಅವನ್ನು ಮತ್ತೆ ಬಿಡಿಸಿ ಬೇರೆಬೇರೆ ಕಡೆ ಇಟ್ಟೆವು.

1953ರಲ್ಲಿ ದುರ್ಗಾಬಾಯಿ ದೇಶಮುಖ್ ಮುಂದಾಳತ್ವದಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಬಂತು, ಹಳ್ಳಿಗಳಲ್ಲಿ ಬಾಲವಾಡಿಗಳಿಗೆ ಸಹಾಯ ಸಿಗತೊಡಗಿತು. ಅದೇ ವರ್ಷ ನಮ್ಮಲ್ಲಿ ದಿನಕರ ದೇಸಾಯಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿದರು. ಹೈಸ್ಕೂಲು ಇಲ್ಲದ ಊರುಗಳಿಗೆ ಹೈಸ್ಕೂಲು ಬಂತು. ನಡೆದು ಹೋಗುವಷ್ಟು ದೂರದಲ್ಲಿ ಶಾಲೆ ಇದ್ದಾಗ ಹೆಣ್ಣುಮಕ್ಕಳೂ ಹತ್ತನೇ ಕ್ಲಾಸಿನವರೆಗೆ ಓದಿದರು. ಮುಂದೆ ಅಂಗನವಾಡಿ ಬಂದಾಗ ಊರಲ್ಲೇ ಓದಿದ ಹೆಣ್ಣುಮಕ್ಕಳು ಸಿಕ್ಕಿದ್ದಕ್ಕೆ ಇಂಥ ಹಳ್ಳಿ ಹೈಸ್ಕೂಲುಗಳೇ ಕಾರಣ.

ಶಾಲೆ ಶಿಕ್ಷಕರ ಮಟ್ಟಿಗೆ ದೂರ ಮೆಲ್ಲಗೆ ಕಡಿಮೆಯಾಯಿತು. ಪ್ರಾಥಮಿಕ ಶಿಕ್ಷಕರ ಟಿಸಿಎಚ್ ಕೋರ್ಸು ಬಂತು. ಕುಮಟಾದಲ್ಲಿ ಕಮಲಾ ಬಾಳಿಗಾ ಬಿ.ಇಡಿ ಕಾಲೇಜು ಬಂತು. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಜಿಲ್ಲೆಗೊಂದು ಡಯಟ್, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ ಬೇಕೆಂದಿತು. ನಮ್ಮದು ಘಟ್ಟದ ಮೇಲೆ, ಘಟ್ಟದ ಕೆಳಗೆ ಎಂದು ಎರಡು ಶೈಕ್ಷಣಿಕ ಜಿಲ್ಲೆ. ಹಾಗಾಗಿ ಕುಮಟಾದಲ್ಲೊಂದು, ಶಿರಸಿಯಲ್ಲೊಂದು ಡಯಟ್. ಮಳೆಗಾಲದಲ್ಲಿ ದೇವಿಮನೆ ಘಟ್ಟ ಇಳಿದವರಿಗೆ ಇದು ಎಷ್ಟು ದೊಡ್ಡ ಅನುಕೂಲ ಎಂಬುದು ಗೊತ್ತು. ಸರ್ಕಾರ ನಮ್ಮ ಭೂಗೋಳವನ್ನು ನೋಡಿ ಮಾಡಿದ ಕೆಲವೇ ಒಳ್ಳೆಯ ಕೆಲಸಗಳಲ್ಲಿ ಇದೂ ಒಂದು.

ಚಿಕ್ಕ ಮಕ್ಕಳ ದಾರಿ ಮಾತ್ರ ಬೇರೆಯೇ ಆಯಿತು.

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಐಸಿಡಿಎಸ್ ಶುರುವಾಯಿತು. ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಆಮೇಲೆ ಎಲ್ಲ ತಾಲೂಕಿಗೂ ಹರಡಿತು. ಈಗ ರಾಜ್ಯದಲ್ಲಿ 66 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಈ ಯೋಜನೆ ಹುಟ್ಟಿದ್ದು ಅಪೌಷ್ಟಿಕತೆ ಮತ್ತು ಮಕ್ಕಳ ಸಾವು ತಡೆಯಲಿಕ್ಕೆ. ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣ ಒಂದು ಮಾತ್ರ. ಉಳಿದ ಐದೂ ಊಟ, ಚುಚ್ಚುಮದ್ದು, ಆರೋಗ್ಯಕ್ಕೆ ಸೇರಿದವು. ಹಾಗಾಗಿ ತರಬೇತಿಯ ದಿನಗಳೂ ಅದೇ ಲೆಕ್ಕದಲ್ಲಿ ಹಂಚಿಹೋದವು. ಮೊದಮೊದಲು ತಿಂಗಳುಗಟ್ಟಲೆ ಇದ್ದ ತರಬೇತಿ ಕೇಂದ್ರಗಳು ಹೆಚ್ಚಿದ ಹಾಗೆ ಮೊಟಕಾಯಿತು. ಸಾವಿರಾರು ಮಂದಿಯನ್ನು ಬೇಗ ಬೇಗ ಕಳಿಸಬೇಕಿತ್ತು, ಅಲ್ವಾ?

ಹಣದ ಕಥೆಯೂ ಇದರ ಜೊತೆಗೇ ನಡೆಯಿತು. 1975ರಲ್ಲಿ ಮೆಟ್ರಿಕ್ ಆದವರಿಗೆ ತಿಂಗಳಿಗೆ 150 ರೂಪಾಯಿ, ಆಗದವರಿಗೆ 100. ಅದು ಸಂಬಳ ಅಲ್ಲ, ಗೌರವಧನ. ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ, ಅಮೀರ್‌ಬಿ ಎಂಬವರ ಕೇಸಿನಲ್ಲಿ, ಅಂಗನವಾಡಿ ಕಾರ್ಯಕರ್ತೆಯರದ್ದು ಸರ್ಕಾರಿ ನಾಗರಿಕ ಹುದ್ದೆ ಅಲ್ಲ ಎಂದು ಸುಪ್ರೀಂ ಕೋರ್ಟ್ 2006ರ ಡಿಸೆಂಬರ್‌ನಲ್ಲಿ ಹೇಳಿತು. 2022ರ ಏಪ್ರಿಲ್‌ನಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಅದೇ ಕೋರ್ಟ್ ಇವರಿಗೆ ಗ್ರಾಚ್ಯುಟಿ ಕೊಡಲೇಬೇಕು ಎಂದಿತು. ಎರಡು ತೀರ್ಪಿನ ನಡುವೆ ಹದಿನೈದು ವರ್ಷಕ್ಕೂ ಜಾಸ್ತಿ ಕಳೆದಿದೆ. ಕೇಂದ್ರ ನಿಗದಿ ಮಾಡಿದ ಗೌರವಧನ 2018ರಲ್ಲಿ 4,500 ರೂಪಾಯಿ ಆಯಿತು. ಮೇಲಿನದನ್ನು ರಾಜ್ಯ ಸೇರಿಸುತ್ತದೆ. ಹುದ್ದೆಯೇ ಗಟ್ಟಿ ಇಲ್ಲದವರಿಗೆ ಎರಡು ವರ್ಷದ ಓದು ಓದಿ ಬನ್ನಿ ಅನ್ನುವುದು ಯಾವ ಬಾಯಿಂದ? ತರಬೇತಿ ಚಿಕ್ಕದಾಗಿಯೇ ಉಳಿದದ್ದಕ್ಕೆ ಇದು ಮೊದಲ ಕಾರಣ.

ಎರಡನೇ ಕಾರಣ ನಮ್ಮ ಊರಿನ ಶಾಲೆ ಕಾಂಪೌಂಡಿನಲ್ಲೇ ಇದೆ. ಬಹಳ ಕಡೆ ಅಂಗನವಾಡಿಯೂ ಒಂದನೇ ಕ್ಲಾಸೂ ಒಂದೇ ಆವರಣದಲ್ಲಿವೆ. ಮಕ್ಕಳು ಕೈ ತೊಳೆಯುವುದು ಒಂದೇ ನಲ್ಲಿಯಲ್ಲಿ. ಆದರೆ ಒಂದು ಬಾಗಿಲು ಶಿಕ್ಷಣ ಇಲಾಖೆಯದು, ಇನ್ನೊಂದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು. ಶಾಲೆಗೆ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬರುತ್ತಾರೆ, ಅಂಗನವಾಡಿಗೆ ಮೇಲ್ವಿಚಾರಕಿ ಬರುತ್ತಾರೆ. ಚಟುವಟಿಕೆಯಿಂದ ಕಲಿಸುವ ನಲಿಕಲಿಯ ತರಬೇತಿಗೆ ಶಾಲೆ ಬಾಗಿಲಿನ ಟೀಚರ್ ಹೋಗುತ್ತಾರೆ, ಪೌಷ್ಟಿಕತೆಯ ಪೋಷಣ್ ತರಬೇತಿಗೆ ಅಂಗನವಾಡಿ ಬಾಗಿಲಿನ ಟೀಚರ್. ಇಬ್ಬರೂ ಕಲಿಸುವುದು ಅದೇ ಮಗುವಿಗೆ, ಒಂದು ವರ್ಷ ಆಚೀಚೆ. ಅಷ್ಟು ಒಳ್ಳೆಯ ಡಯಟ್ ಕಟ್ಟಡಗಳು ಕುಮಟಾದಲ್ಲೂ ಶಿರಸಿಯಲ್ಲೂ ಇದ್ದರೂ ಅವು ಮುಖ್ಯವಾಗಿ ಮೊದಲ ಬಾಗಿಲಿನವರಿಗೆ.

ಇನ್ನು ಭಾಷೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಜಿಲ್ಲೆಯಲ್ಲಿ ಇದೇ ದೊಡ್ಡ ವಿಷಯ, ತರಬೇತಿಯ ಕೈಪಿಡಿಗಳಲ್ಲಿ ಮಾತ್ರ ಚಿಕ್ಕದು.

ಕಾರವಾರದ ಮಗುವಿನ ಮನೆಮಾತು ಕೊಂಕಣಿ. ಭಟ್ಕಳದಲ್ಲಿ ನವಾಯತಿ. ಜೋಯಿಡಾದ ಕುಣಬಿ ಕೇರಿಯಲ್ಲಿ ಇನ್ನೊಂದು ಬಗೆಯ ಕೊಂಕಣಿ. ಮುಂಡಗೋಡ, ಯಲ್ಲಾಪುರದ ಗೌಳಿ ದಡ್ಡಿಗಳಲ್ಲಿ ಮರಾಠಿ ಬೆರೆತ ಮಾತು. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಮಕ್ಕಳದ್ದು ಮತ್ತೊಂದು. ಕನ್ನಡ ಅಂದರೂ ಶಿರಸಿಯ ಹವ್ಯಕರದ್ದು ಒಂದು, ಅಂಕೋಲೆಯ ಹಾಲಕ್ಕಿಗಳದ್ದು ಒಂದು. ಮೂರು ವರ್ಷದ ಮಗು "ಉದಾಕ" ಅಂದಾಗ ಅದಕ್ಕೆ ನೀರು ಬೇಕಾಗಿದೆ ಎಂಬುದು ಕೂಡಲೇ ಗೊತ್ತಾಗಬೇಕು. ಅಷ್ಟು ಚಿಕ್ಕ ಮಗು ಕನ್ನಡ ಕಲಿತು ಬಂದು ನೀರು ಕೇಳಲು ಸಾಧ್ಯವಿಲ್ಲ.

ಅಂಗನವಾಡಿ ನೇಮಕಾತಿಯಲ್ಲಿ ಅದೇ ಊರಿನವರು ಆಗಿರಬೇಕೆಂಬ ನಿಯಮ ಇರುವುದರಿಂದ ಟೀಚರ್‌ಗೂ ಸಹಾಯಕಿಗೂ ಸಾಮಾನ್ಯವಾಗಿ ಆ ಮಾತು ಬರುತ್ತದೆ. ಶಾಲೆಯ ಟೀಚರ್ ಬಯಲುಸೀಮೆಯಿಂದ ವರ್ಗವಾಗಿ ಬಂದವರಾದರೆ ಅವರಿಗೆ ಬರುವುದಿಲ್ಲ. ಮನೆಯ ಮಾತಿನಿಂದ ಶಾಲೆಯ ಕನ್ನಡಕ್ಕೆ ಮಗುವನ್ನು ಕೈಹಿಡಿದು ದಾಟಿಸುವ ಕೆಲಸ ಆ ಊರಿನಲ್ಲಿ ಅಂಗನವಾಡಿಯವರಿಂದ ಮಾತ್ರ ಸಾಧ್ಯ. ಇದೊಂದು ದೊಡ್ಡ ವಿದ್ಯೆ. ಅದನ್ನು ಯಾವ ತರಬೇತಿಯೂ ವಿದ್ಯೆ ಎಂದು ಲೆಕ್ಕಕ್ಕೆ ಹಿಡಿದಿಲ್ಲ. ಅಂಕೋಲೆಯ ಬಡಗೇರಿಯ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. ಅವರು ನೆನಪಿನಲ್ಲಿ ಹೊತ್ತಿದ್ದ ಹಾಲಕ್ಕಿ ಹಾಡುಗಳಿಗೆ ಇಡೀ ನಾಡು ಕೈಮುಗಿಯಿತು. ಅಂಥ ಹಾಡುಗಳನ್ನು ಬೆಳಗಿನ ಹತ್ತೂವರೆಗೆ ಹನ್ನೆರಡು ಮಕ್ಕಳ ಮುಂದೆ ಹೇಗೆ ಬಳಸಬೇಕು, ಯಾವ ಹಾಡಿನಿಂದ ಎಣಿಕೆ ಬರುತ್ತದೆ, ಯಾವುದರಿಂದ ಹೊಸ ಪದ ಬರುತ್ತದೆ ಎಂದು ಕಲಿಸುವ ಒಂದು ಪಾಠ ಈ ಜಿಲ್ಲೆಯ ತರಬೇತಿಯಲ್ಲಿ ಇರಲೇಬೇಕಿತ್ತು.

ನಮ್ಮ ಮನೆಗಳೂ ಒತ್ತೊತ್ತಾಗಿಲ್ಲ. ತೋಟದಿಂದ ತೋಟಕ್ಕೆ ಹರದಾರಿ. ಎಷ್ಟೋ ಕೇಂದ್ರಗಳಲ್ಲಿ ಎರಡೂವರೆ ವರ್ಷದ ಮಗುವೂ ಐದೂವರೆ ವರ್ಷದ ಮಗುವೂ ಒಂದೇ ಚಾಪೆಯ ಮೇಲೆ. 2017ರಲ್ಲಿ ಮಾತೃಪೂರ್ಣ ಎಂಬ ಬಿಸಿಯೂಟದ ಯೋಜನೆ ಬಂದಾಗ ಬಸುರಿಯರು ದಿನಾ ಕೇಂದ್ರಕ್ಕೆ ಬಂದು ಉಣ್ಣಬೇಕೆಂದಿತ್ತು. ಗುಡ್ಡ, ಹಳ್ಳ ದಾಟಿ ಬರಬೇಕಾದ ಊರುಗಳಲ್ಲಿ ಅದು ಹೇಗೆ ನಡೆಯುತ್ತದೆ? 2021ರಿಂದ ಪೋಷಣ್ ಟ್ರ್ಯಾಕರ್ ಆ್ಯಪ್ ಇದೆ. ನೆಟ್‌ವರ್ಕ್ ಸಿಗುವ ದಿಬ್ಬ ಹುಡುಕಿ ಹಾಜರಿ ತುಂಬುವುದೂ ಟೀಚರ್ ಕೆಲಸವೇ ಆಗಿದೆ. ಪಾಠಕ್ಕೆ ಉಳಿಯುವ ಹೊತ್ತು ಎಷ್ಟು ಎಂದು ಯಾರಾದರೂ ಒಂದು ಬೆಳಿಗ್ಗೆ ಸುಮ್ನೆ ಕೂತು ನೋಡಬೇಕು.

ಇಷ್ಟರಲ್ಲಿ ಡಿ.ಇಡಿ (ಈಗಿನ ಡಿ.ಎಲ್.ಇಡಿ) ಕಾಲೇಜುಗಳ ಕಾಲ ಇಳಿಯಿತು. ಒಂದು ಹೊತ್ತಿನಲ್ಲಿ ಸೀಟಿಗೆ ಪರದಾಟ, ಆಮೇಲೆ ಕಾಲೇಜಿಗೇ ಮಕ್ಕಳಿಲ್ಲ. 2018ರಲ್ಲಿ ಬಿ.ಇಡಿ ಆದವರೂ ಪ್ರಾಥಮಿಕ ಶಾಲೆಗೆ ಬರಬಹುದೆಂದು ಶಿಕ್ಷಕರ ಅರ್ಹತೆ ನಿಗದಿ ಮಾಡುವ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇ ಹೇಳಿದ್ದು ಇನ್ನೊಂದು ಪೆಟ್ಟು. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಚಿಕ್ಕ ಮಕ್ಕಳಿಗೆ ಕಲಿಸುವುದು ಬೇರೆಯೇ ಕೌಶಲ ಎಂಬ ಮಾತಿಗೆ ಇದರಿಂದ ಬಲ ಬಂತು. ಆ ಮಾತನ್ನು ಇನ್ನೂ ಮೂರು ವರ್ಷ ಕೆಳಗಿಳಿಸಿದರೆ ಅಂಗನವಾಡಿಗೇ ಬಂದು ನಿಲ್ಲುತ್ತೇವೆ.

2020ರ ಶಿಕ್ಷಣ ನೀತಿ ಅಷ್ಟು ಕೆಳಗಿಳಿದಿದೆ. ಪಿಯುಸಿ ಆದ ಅಂಗನವಾಡಿ ಕಾರ್ಯಕರ್ತೆಯರಿಗೆ ಆರು ತಿಂಗಳ ಸರ್ಟಿಫಿಕೇಟ್, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ ಎಂದು ಬರೆದಿದೆ. ಆದರೆ ಕಲಿಸುವುದು ಬಹುಪಾಲು ಟಿವಿ ಚಾನೆಲ್ ಮತ್ತು ಮೊಬೈಲ್ ಮೂಲಕ, ತಿಂಗಳಿಗೊಮ್ಮೆ ಮುಖಾಮುಖಿ ಕ್ಲಾಸು. 2023ರ ಮೇ ತಿಂಗಳಲ್ಲಿ 'ಪೋಷಣ್ ಭಿ ಪಢಾಯಿ ಭಿ' (ಪೋಷಣೆಯೂ ಓದೂ) ಎಂಬ ಕೇಂದ್ರದ ಕಾರ್ಯಕ್ರಮ ಬಂತು. ಅದರ ತರಬೇತಿ ಕೆಲವೇ ದಿನದ್ದು. ರಾಜ್ಯದಲ್ಲಿ 2024ರಲ್ಲಿ ಶಾಲೆಗಳಲ್ಲೇ ಎಲ್‌ಕೆಜಿ ತೆರೆಯುವ ಮಾತು ಬಂದಾಗ ಅಂಗನವಾಡಿಯವರು ಬೀದಿಗಿಳಿದರು. ಆಮೇಲೆ ಅಂಗನವಾಡಿಗಳಲ್ಲೇ ಎಲ್‌ಕೆಜಿ, ಯುಕೆಜಿ ಶುರುವಾಯಿತು. ಕೆಲಸ ದೊಡ್ಡದಾಯಿತು, ಓದಿಗೆ ದಾರಿ ಇನ್ನೂ ಆಗಬೇಕಿದೆ. ಈ ನಡುವೆ 2023ರ ಬಜೆಟ್‌ನಿಂದ ಪಂಚಾಯತಿಗಳಲ್ಲಿ ಕೂಸಿನ ಮನೆ ಎಂಬ ಶಿಶುಪಾಲನಾ ಕೇಂದ್ರಗಳೂ ಬಂದಿವೆ. ಉದ್ಯೋಗ ಖಾತ್ರಿ ಕೂಲಿಯ ಮೇಲೆ ಊರಿನ ಹೆಂಗಸರೇ ಅಲ್ಲಿ ಕೂಸು ನೋಡಿಕೊಳ್ಳುತ್ತಾರೆ. ಅವರ ತರಬೇತಿಯೂ ಹೀಗೇ ಕೆಲವು ದಿನದ್ದು.

ಅಮೆರಿಕದಲ್ಲಿ ಇದೇ ತೊಡಕಿಗೆ ಹತ್ತಿರದ ಊರಿನಲ್ಲೇ ಎರಡು ವರ್ಷದ ಓದು ಕೊಡುವ ಕಮ್ಯುನಿಟಿ ಕಾಲೇಜು ಒಂದು ಉತ್ತರ. ಇಂಥ ಕಾಲೇಜು 1901ರಲ್ಲಿ ಇಲಿನಾಯ್ಸ್ ರಾಜ್ಯದ ಜೋಲಿಯೆಟ್‌ನಲ್ಲಿ ಮೊದಲಾಯಿತು. 1965ರಲ್ಲಿ ಬಡ ಮಕ್ಕಳಿಗಾಗಿ ಹೆಡ್ ಸ್ಟಾರ್ಟ್ ಎಂಬ ಶಾಲಾಪೂರ್ವ ಯೋಜನೆ ಬಂದಾಗ ಕಲಿಸುವವರು ಸಾಲದಾದರು. 1970ರ ದಶಕದಲ್ಲಿ ಸಿಡಿಎ ಎಂಬ ಅರ್ಹತಾ ಪತ್ರ ರೂಪಿಸಿದರು. ಇವತ್ತು ಅದಕ್ಕೆ 120 ಗಂಟೆಯ ಪಾಠ ಮತ್ತು ಮಕ್ಕಳ ಜೊತೆ 480 ಗಂಟೆಯ ಕೆಲಸ ಬೇಕು. ಸಂಜೆ ಕ್ಲಾಸಿನಲ್ಲಿ ಕಲಿತದ್ದಕ್ಕೆ ಅನೇಕ ಕಾಲೇಜುಗಳಲ್ಲಿ ಕ್ರೆಡಿಟ್, ಅಂದರೆ ಪದವಿಯ ಲೆಕ್ಕಕ್ಕೆ ಸೇರುವ ಅಂಕ ಸಿಗುತ್ತದೆ. ಅದನ್ನು ಕೂಡಿಸುತ್ತಾ ಎರಡು ವರ್ಷದ ಪದವಿ, ಬೇಕಾದರೆ ಮುಂದಿನ ಡಿಗ್ರಿ. ಅಲ್ಲೂ ಶಿಶುಪಾಲಕರ ಸಂಬಳ ಕಡಿಮೆಯೇ, ಎಲ್ಲ ಸರಿಯಿದೆ ಎಂದಲ್ಲ. ಆದರೆ ಕೆಲಸ ಬಿಡದೆ ಓದಬಹುದು, ಓದಿದ್ದು ವ್ಯರ್ಥವಾಗುವುದಿಲ್ಲ. ನಮಗೆ ಬೇಕಾದ್ದು ಇದೇ.

ಭಾರತದಲ್ಲೂ ಕಮ್ಯುನಿಟಿ ಕಾಲೇಜು ಹೊಸತಲ್ಲ. 1995ರಲ್ಲಿ ಪಾಂಡಿಚೇರಿಯಲ್ಲಿ ಶುರುವಾಯಿತು, ಯುಜಿಸಿ 2013ರ ಹೊತ್ತಿಗೆ ತನ್ನದೇ ಯೋಜನೆ ತಂದಿತು. ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ಶಿಶುಪಾಲನೆಯ ಡಿಪ್ಲೊಮಾ ಇದೆ. ನಮ್ಮಲ್ಲಿ ಎರಡು ಡಯಟ್‌ಗಳಿವೆ, ಹೆಚ್ಚಿನ ತಾಲೂಕುಗಳಲ್ಲಿ ಡಿಗ್ರಿ ಕಾಲೇಜುಗಳಿವೆ. ಶನಿವಾರ ಮಧ್ಯಾಹ್ನ ಆ ಕೋಣೆಗಳು ಖಾಲಿ ಇರುತ್ತವೆ. ಒಂದು ವರ್ಷದ ಸರ್ಟಿಫಿಕೇಟ್ ಅಲ್ಲಿ ಶುರುವಾಗಬಹುದು. ಅಂಗನವಾಡಿ ಟೀಚರ್, ಸಹಾಯಕಿ, ಕೂಸಿನ ಮನೆಯವರು, ಒಂದನೇ ಕ್ಲಾಸಿನ ಟೀಚರ್ ಎಲ್ಲರೂ ಒಟ್ಟಿಗೆ ಕೂರಬೇಕು. ಅರ್ಧ ಪಾಠ ಅವರವರ ಕೇಂದ್ರದಲ್ಲೇ ನಡೆಯಬೇಕು, ಮೇಷ್ಟ್ರು ಅಲ್ಲಿಗೆ ಬಂದು ನೋಡಬೇಕು. ಆ ಕ್ರೆಡಿಟ್ ಮುಂದೆ ಡಿ.ಎಲ್.ಇಡಿಗೂ ಡಿಗ್ರಿಗೂ ಸಲ್ಲಬೇಕು. ಮುಗಿಸಿದವರ ಗೌರವಧನ ಏರಬೇಕು. ಎರಡು ಇಲಾಖೆಗಳು ಜಂಟಿ ಆದೇಶ ಹೊರಡಿಸದೆ ಇದು ಆಗುವುದಿಲ್ಲ. ಟೀಚರ್ ಕ್ಲಾಸಿಗೆ ಹೋದ ದಿನ ಕೇಂದ್ರ ತೆರೆಯುವವರು ಯಾರು, ಜೋಯಿಡಾದಿಂದ ಬಂದುಹೋಗುವ ಬಸ್ ಚಾರ್ಜು ಕೊಡುವವರು ಯಾರು ಎಂಬುದನ್ನೂ ಆ ಆದೇಶದಲ್ಲೇ ಬರೆದಿರಬೇಕು.