ಮನೆ ಖಾಲಿ ಮಾಡುತ್ತಿದ್ದೇವೆ, ಅಡ್ವಾನ್ಸ್ ಪೂರ್ತಿ ವಾಪಸ್ ಬರಬೇಕಾದರೆ ಏನು ಮಾಡಬೇಕು?

ಪ್ರಶ್ನೆ: ಮೂರು ವರ್ಷ ಇದ್ದ ಬಾಡಿಗೆ ಮನೆ ಬಿಡುತ್ತಿದ್ದೇವೆ. ಓನರ್ ಜೊತೆ ಇದುವರೆಗೆ ಜಗಳ ಇಲ್ಲ. ಆದರೆ ಕೊನೆಯಲ್ಲಿ ಅದು ಹಾಳಾಗಿದೆ, ಇದು ಒಡೆದಿದೆ ಅಂತ ಅಡ್ವಾನ್ಸ್ ಹಿಡಿದುಕೊಂಡರೆ ಅಂತ ಭಯ. ಈಗಿನಿಂದ ಏನು ಮಾಡಬಹುದು?

ಉತ್ತರ: ಒಂದೇ ಒಂದು ಕೆಲಸ ಮಾಡಲು ಸಮಯ ಇದ್ದರೆ ಇದನ್ನು ಮಾಡಿ. ಖಾಲಿ ಮಾಡುವ ಎರಡು ವಾರ ಮುಂಚೆ ಓನರನ್ನು ಕರೆದು, ಜೊತೆಯಲ್ಲೇ ನಿಂತು ಮನೆ ಪೂರ್ತಿ ತೋರಿಸಿ. ಕೊನೆಯ ದಿನ ಲಾರಿ ಬಾಗಿಲಲ್ಲಿ ನಿಂತಿರುವಾಗ ತೋರಿಸಿದರೆ ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಹೋಗಬೇಕಾಗುತ್ತದೆ. ಎರಡು ವಾರ ಇದ್ದರೆ ಅವರು ತೋರಿಸಿದ ಸೋರುವ ನಲ್ಲಿ, ಅಲುಗುವ ಚಿಲಕ ಎಲ್ಲ ನೀವೇ ಸರಿ ಮಾಡಿಸಬಹುದು, ಅದು ಸಾಮಾನ್ಯವಾಗಿ ಕಡಿಮೆ ಖರ್ಚಿನಲ್ಲಿ ಮುಗಿಯುತ್ತದೆ. ಮಾತಾಡಿದ್ದನ್ನು ಅಂದೇ ಸಂಜೆ ಮೆಸೇಜ್ ಮಾಡಿ: "ಇವತ್ತು ನೋಡಿದಾಗ ಇಷ್ಟು ರಿಪೇರಿ ಹೇಳಿದ್ದೀರಿ, ಮಾಡಿಸುತ್ತೇವೆ."

ಅದಕ್ಕೂ ಮೊದಲು ಅಗ್ರಿಮೆಂಟ್ ಹುಡುಕಿ ಇಟ್ಟುಕೊಳ್ಳಿ, ಪ್ಯಾಕಿಂಗ್ ಶುರುವಾದರೆ ಅದು ಯಾವುದೋ ಡಬ್ಬದ ತಳಕ್ಕೆ ಸೇರುತ್ತದೆ. ಎಷ್ಟು ದಿನದ ನೋಟಿಸ್, ಅದನ್ನು ಹೇಗೆ ಕೊಡಬೇಕು, ಪೇಂಟಿಂಗ್ ಖರ್ಚು ಯಾರದು, ಅಡ್ವಾನ್ಸ್ ಎಷ್ಟು ದಿನದಲ್ಲಿ ಕೊಡಬೇಕು ಅಂತ ನೋಡಿ. ಮನೆ ಬಿಡುತ್ತೇವೆ ಅಂತ ಬಾಯಿಮಾತಲ್ಲಿ ಹೇಳಿದ್ದರೂ ತಾರೀಖು ಹಾಕಿ ಬರೆದು ಕಳಿಸಿ.

ಇದನ್ನೆಲ್ಲ ಇಷ್ಟು ಒತ್ತಿ ಹೇಳಲು ಕಾರಣ ಇದೆ. ಹಿಂದೆ ನಾವೊಂದು ಮನೆ ಬಿಟ್ಟಾಗ ಅಡುಗೆಮನೆ ಸಿಂಕ್ ಕೆಳಗಿನ ಕಪಾಟಿನ ಹಲಗೆ ನೀರು ಕುಡಿದು ಉಬ್ಬಿ, ಅಂಚಿನಲ್ಲಿ ಪದರ ಪದರ ಬಿಟ್ಟುಕೊಂಡಿತ್ತು. ನಾವು ಸೇರುವ ಮೊದಲೇ ಹಾಗಿತ್ತು. ಆದರೆ ಫೋಟೋ ತೆಗೆದಿರಲಿಲ್ಲ, ಓನರ್‌ಗೂ ನೆನಪಿರಲಿಲ್ಲ. ಇಡೀ ಕಪಾಟಿನ ದುಡ್ಡು ಅಡ್ವಾನ್ಸಿನಲ್ಲಿ ಹೋಯಿತು. ಅವರು ಕೆಟ್ಟವರಲ್ಲ, ನನ್ನ ಹತ್ತಿರ ತೋರಿಸಲು ಏನೂ ಇರಲಿಲ್ಲ ಅಷ್ಟೇ. ಹಾಗಾಗಿ ನೀವು ಸೇರಿದಾಗ ತೆಗೆದ ಫೋಟೋಗಳಿದ್ದರೆ ಈಗಲೇ ಹಳೆಯ ಫೋನಿನಲ್ಲಿ ಹುಡುಕಿ. ಮನೆಯವರ ಫೋಟೋ ಹಿಂದೆ ಗೋಡೆ, ಕಿಟಕಿ ಕಂಡರೂ ಉಪಯೋಗಕ್ಕೆ ಬರುತ್ತದೆ.

ಇನ್ನು ಯಾವುದಕ್ಕೆ ದುಡ್ಡು ಹಿಡಿಯಬಹುದು, ಯಾವುದಕ್ಕೆ ಹಿಡಿಯಬಾರದು ಅನ್ನುವುದು. ಬಿಸಿಲಿಗೆ ಮಾಸಿದ ಬಣ್ಣ, ಓಡಾಡಿ ಸವೆದ ನೆಲ, ಸಡಿಲವಾದ ಹಿಡಿಕೆ, ಇವು ಬಳಕೆಯಿಂದ ಆಗುವ ಸವೆತ. ಯಾರು ಇದ್ದರೂ ಆಗುತ್ತಿತ್ತು, ಅಲ್ವಾ? ಒಡೆದ ಗಾಜು, ಸುಟ್ಟ ಕಲೆ, ಕಿತ್ತುಬಂದ ಸ್ವಿಚ್ ಬೋರ್ಡ್ ನಿಮ್ಮ ಲೆಕ್ಕಕ್ಕೆ ಬರುತ್ತವೆ. ಆಗಲೂ ಹತ್ತು ವರ್ಷ ಹಳೆಯ ವಸ್ತುವಿಗೆ ಹೊಸದರ ಬೆಲೆ ಕೇಳಿದರೆ ಸುಮ್ನೆ ಒಪ್ಪಬೇಡಿ, ಅದರ ವಯಸ್ಸು ಎಷ್ಟು ಅಂತ ಕೇಳಿ.

ಜಗಳ ಜಾಸ್ತಿ ಹುಟ್ಟುವುದು ಕ್ಲೀನಿಂಗ್ ವಿಷಯಕ್ಕೆ. ಬಾತ್‌ರೂಮಿನ ನಲ್ಲಿ ಮೇಲೆ ಕಟ್ಟಿದ ಬಿಳಿ ಕರೆ ಗಡಸು ನೀರಿನ ಸುಣ್ಣದ್ದು, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ವಿನೆಗರ್‌ನಲ್ಲಿ ಅದ್ದಿದ ಬಟ್ಟೆ ಸುತ್ತಿ ಅರ್ಧ ಗಂಟೆ ಬಿಟ್ಟು ಒರೆಸಿ, ಆಮೇಲೆ ಚೆನ್ನಾಗಿ ನೀರು ಹಾಕಿ ತೊಳೆಯಿರಿ. ಆದರೆ ಅಮೃತಶಿಲೆಯ ಮೇಲೆ ಬೀಳದಂತೆ ನೋಡಿಕೊಳ್ಳಿ. ಆ ಕಲ್ಲಲ್ಲೂ ಇರುವುದು ಅದೇ ಸುಣ್ಣದ ಅಂಶ, ವಿನೆಗರ್ ಅದನ್ನೂ ತಿಂದು ಹೊಳಪು ತೆಗೆಯುತ್ತದೆ. ಕಲೆ ತೆಗೆಯಲು ಹೋಗಿ ಹೊಸ ಕಲೆ ಮಾಡಿಟ್ಟಂತಾಗುತ್ತದೆ. ಫ್ರಿಜ್ ಒಂದು ದಿನ ಮುಂಚೆ ಆಫ್ ಮಾಡಿ ಬಾಗಿಲು ತೆರೆದಿಡಿ, ಇಲ್ಲದಿದ್ದರೆ ಐಸ್ ಕರಗಿ ಸಾಗಿಸುವಾಗ ನೀರು ಸುರಿಯುತ್ತದೆ.

ಕೊನೆ ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳಿ ಅಂತ ನೀವೇ ತೀರ್ಮಾನ ಮಾಡಬೇಡಿ. ಓನರ್ ಬರೆದು ಒಪ್ಪಿದರೆ ಸರಿ, ಇಲ್ಲದಿದ್ದರೆ ಬಾಡಿಗೆ ಬಾಕಿ ಇಟ್ಟವರು ನೀವು ಅಂತಾಗುತ್ತದೆ, ನಿಮ್ಮ ಮಾತಿಗೆ ತೂಕ ಇರುವುದಿಲ್ಲ.

ಸಾಮಾನೆಲ್ಲ ಹೋದ ಮೇಲೆ ಖಾಲಿ ಮನೆಯ ವೀಡಿಯೋ ಮಾಡಿ, ಹಗಲು ಬೆಳಕಿನಲ್ಲಿ, ಕಪಾಟುಗಳ ಒಳಗೂ ಕಾಣುವಂತೆ. ಕರೆಂಟ್, ನೀರಿನ ಮೀಟರ್ ಅಂಕಿಗಳ ಫೋಟೋ ತೆಗೆದು ಅಲ್ಲೇ ನಿಂತು ಓನರ್‌ಗೆ ಕಳಿಸಿ. ಬೀಗದ ಕೈ ಎಷ್ಟು ಕೊಟ್ಟಿರಿ ಅಂತ ಎಣಿಸಿ, "ಬಂತು" ಅಂತ ಅವರಿಂದ ಒಂದು ಮೆಸೇಜ್ ತರಿಸಿಕೊಳ್ಳಿ. ಅವರು ಏನಾದರೂ ದುಡ್ಡು ಹಿಡಿದರೆ ಯಾವುದಕ್ಕೆ ಎಷ್ಟು ಅಂತ ಪಟ್ಟಿ, ಬಿಲ್ ಕೇಳಿ. ಅಡ್ವಾನ್ಸ್ ಖಾತೆಗೆ ಬರುವ ತನಕ ಆ ವೀಡಿಯೋ ಡಿಲೀಟ್ ಮಾಡಬೇಡಿ.